ಐವತ್ತು ಸಾವಿರಕ್ಕಿಂತ ಚಿಕ್ಕ ಊರುಗಳು

ಅಪರ್ಣಾಳ ಪಾಲಿಗೆ ಇಡೀ ಕರ್ನಾಟಕ ಬಂದದ್ದು ಒಂದು ಸೋಮವಾರ, ಬೆಳಗಿನ ಚಹಾಕ್ಕೆ ಸ್ವಲ್ಪ ಮೊದಲು. 2005ರ ಜೂನ್ ತಿಂಗಳು. ಕೋಲ್ಕತ್ತಾದ ಸೆಕ್ಟರ್ ಫೈವ್‌ನಲ್ಲಿ ಎಲ್ಲಿ ನೋಡಿದರೂ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಅಂಥ ಒಂದು ಕಟ್ಟಡದ ಆರನೇ ಮಹಡಿಯಲ್ಲಿ ಟೀಮ್ ಲೀಡ್ ದೇಬೋತೋಷ್ ಕುಂಡು ದೇಶದ ರಾಜ್ಯಗಳನ್ನು ಹನ್ನೆರಡು ಜನರಿಗೆ ಹಂಚುತ್ತ ಬಂದು ಅವಳ ಮೇಜಿನ ಮುಂದೆ ನಿಂತ.

"ನೀನು ಕನ್ನಡದವಳಲ್ವಾ? ಕರ್ನಾಟಕ ನಿನಗೆ," ಎಂದು ಬಂಗಾಳಿಯಲ್ಲಿ ಹೇಳಿದ.

ಅಪರ್ಣಾ ಹುಟ್ಟಿ ಬೆಳೆದದ್ದು ಲೇಕ್ ಮಾರ್ಕೆಟ್ ಹತ್ತಿರದ ಒಂದು ಓಣಿಯಲ್ಲಿ. ಇಪ್ಪತ್ತನಾಲ್ಕು ವರ್ಷಗಳಲ್ಲಿ ಕರ್ನಾಟಕಕ್ಕೆ ಹೋದದ್ದು ಐದು ಸಲ, ಐದೂ ಸಲ ಯಾರದೋ ಮದುವೆಗೆ. ಕನ್ನಡ ಕೇಳಿದರೆ ಪೂರ್ತಿ ತಿಳಿಯುತ್ತಿತ್ತು, ಆಡಲು ಹೊರಟರೆ ಅರ್ಧ ದಾರಿಯಲ್ಲಿ ಇಂಗ್ಲಿಷ್ ಬಂದು ಸೇರಿಕೊಳ್ಳುತ್ತಿತ್ತು. ಇದನ್ನೆಲ್ಲ ಅವಳು ಹೇಳುವಷ್ಟರಲ್ಲಿ ದೇಬುದಾ ಪಕ್ಕದ ಮೇಜಿಗೆ ಹೋಗಿ ಕೇರಳ ಕೊಡುತ್ತಿದ್ದ. ಆಫೀಸಿನಲ್ಲಿ ಎಲ್ಲರಿಗೂ ಅವನು ದೇಬುದಾ, ಅಂದರೆ ದೇಬು ಅಣ್ಣ.

ಕೆಲಸ ಯುರೋಪಿನ ಒಂದು ಕಂಪನಿಯದು. ಕಾರಿನಲ್ಲಿ ಕೂತವರಿಗೆ ದಾರಿ ತೋರಿಸುವ ಪುಟ್ಟ ಪರದೆಯ ನಕಾಶೆ ಅವರು ಮಾಡುತ್ತಿದ್ದರು. ಪ್ರತಿ ಊರಿಗೂ ಒಂದರಿಂದ ಐದರವರೆಗೆ ತೂಕ ಕೊಡಬೇಕು. ಜನಸಂಖ್ಯೆ ಐವತ್ತು ಸಾವಿರ ದಾಟಿದ್ದರೆ ಕಂಪ್ಯೂಟರೇ ಕೊಡುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಒಂದು. ಒಂದು ಸಿಕ್ಕ ಊರಿನ ಹೆಸರು ಪರದೆಯ ಮೇಲೆ ಮೂಡಬೇಕಾದರೆ ನಕಾಶೆಯನ್ನು ಎಷ್ಟು ಹಿಗ್ಗಿಸಬೇಕೆಂದರೆ, ಆ ಹೊತ್ತಿಗೆ ಕಾರು ಆ ಊರಿನ ಬಸ್ ನಿಲ್ದಾಣದಲ್ಲಿ ನಿಂತಿರುತ್ತದೆ.

ಆ ಒಂದರಿಂದ ತಪ್ಪಿಸಿಕೊಳ್ಳಲು ಒಂದೇ ಕಿಂಡಿ ಇತ್ತು. ಊರಿಗೆ ಹೆಚ್ಚು ತೂಕ ಏಕೆ ಬೇಕು ಎಂದು ಕೊನೆಯ ಕಾಲಂನಲ್ಲಿ 'ಕಾರಣ' ಬರೆಯಬಹುದು. ಇಂಗ್ಲಿಷಿನ ಅರವತ್ತು ಅಕ್ಷರ, ಜೊತೆಗೆ ಅಚ್ಚಾದ ಒಂದು ಆಧಾರ. ಉಳಿದ ಹನ್ನೊಂದು ಜನ ಆ ಕಾಲಂ ಖಾಲಿ ಬಿಟ್ಟು ವಾರದಲ್ಲಿ ಕೆಲಸ ಮುಗಿಸುವ ಲೆಕ್ಕದಲ್ಲಿದ್ದರು. ಅಪರ್ಣಾಳೂ ಹಾಗೇ ಮಾಡುತ್ತಿದ್ದಳೇನೋ, ಆ ಸಂಜೆ ಮನೆಯಲ್ಲಿ ಬಾಯಿ ಬಿಡದೆ ಇದ್ದಿದ್ದರೆ.

ಅವಳ ಅಪ್ಪ ಜಯತೀರ್ಥರು ಗಾರ್ಡನ್ ರೀಚ್‌ನ ರೈಲ್ವೆ ಕಚೇರಿಯಲ್ಲಿದ್ದರು, ಸವಣೂರಿನವರು. ಅಮ್ಮ ಕೃಷ್ಣವೇಣಿ ನಂಜನಗೂಡಿನವರು. ಮದುವೆಯಾಗಿ ಇಪ್ಪತ್ತೇಳು ವರ್ಷವಾಗಿದ್ದರೂ ಇಬ್ಬರ ಕನ್ನಡ ಇನ್ನೂ ಒಂದಾಗಿರಲಿಲ್ಲ.

"ಸವಣೂರಿಗೆ ಎಷ್ಟ್ ಹಾಕೀದಿ?" ಜಯತೀರ್ಥರು ಕೇಳಿದರು.

"ಒಂದು."

ಅವರು ಪೇಪರ್ ಮಡಿಚಿ ಪಕ್ಕಕ್ಕಿಟ್ಟರು. "ನವಾಬರ ಊರವಾ ಅದು. ಪೇಶ್ವೇರು, ಹೈದರಾಲಿ, ಎಲ್ಲಾರೂ ಬಂದು ಹೊಡದಾಡ್ಯಾರ ಅಲ್ಲಿ. ಏನೂ ಇಲ್ಲದ ಊರಿಗೆ ಅಷ್ಟ್ ದೂರದಿಂದ ಬಂದು ಯಾರರೆ ಹೊಡದಾಡತಾರೇನು?"

"ಐ ನೋ ಅಪ್ಪ, ಬಟ್ ಪಾಪ್ಯುಲೇಷನ್ ಕಡಿಮೆ."

"ನಂಜನಗೂಡಿಗೆ?" ಅಡುಗೆಮನೆಯಿಂದ ಕೃಷ್ಣವೇಣಿಯವರ ದನಿ ಬಂತು.

"ಅದೂ ಒಂದೇ. ನಲವತ್ತೆಂಟು ಸಾವಿರ ಚಿಲ್ಲರೆ."

"ಇನ್ನೆರಡು ಸಾವಿರ ಇಲ್ಲ ಅಂತಾನಾ? ಹುಣ್ಣಿಮೆ ದಿನ ಬಂದು ಎಣಿಸಕ್ಕೆ ಹೇಳು ಅವರಿಗೆ. ಹೊಳೆ ಮೆಟ್ಟಿಲ ಮೇಲೇ ಅಷ್ಟು ಜನ ಸಿಗ್ತಾರೆ."

ಮರುದಿನ ಅಪರ್ಣಾ ಕೊನೆಯ ಕಾಲಂನಲ್ಲಿ ಎರಡು ಊರು ತುಂಬಿದಳು. ಆಮೇಲೆ ಕೈ ನಿಲ್ಲಲಿಲ್ಲ. ಗುಳೇದಗುಡ್ಡದ ಖಣ ಗೊತ್ತಿತ್ತು, ಕಪಾಟಿನಲ್ಲಿತ್ತು. ಬ್ರಿಟಿಷರ ವಿರುದ್ಧ ಎದ್ದ ನರಗುಂದದ ಕಥೆ ಅಪ್ಪ ಹೇಳಿದ್ದು ಅರ್ಧ ನೆನಪಿತ್ತು. ಗೊತ್ತಿಲ್ಲದ ಊರುಗಳೇ ಹೆಚ್ಚು. ಪಟ್ಟಿ ಮುದ್ರಿಸಿ ಮನೆಗೆ ತಂದಳು.

ಭಾನುವಾರ ಬಸವಲಿಂಗಪ್ಪ, ಪಾರ್ವತಿ ದಂಪತಿ ಬಂದರು. ಬಸವಲಿಂಗಪ್ಪನವರು ಗಾರ್ಡನ್ ರೀಚ್‌ನ ಹಡಗುಕಟ್ಟೆಯಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದು ನಿವೃತ್ತರಾದವರು. ವಾರಕ್ಕೊಮ್ಮೆ ಕರಿಬೇವು, ಮೆಣಸಿನಕಾಯಿ, ತೆಂಗಿನಕಾಯಿಗೆ ಲೇಕ್ ಮಾರ್ಕೆಟ್‌ಗೆ ಬಂದು, ಇವರ ಮನೆಯಲ್ಲಿ ಕಾಫಿ ಕುಡಿದು ಹೋಗುವುದು ಬಹಳ ಕಾಲದ ರೂಢಿ. ಪಟ್ಟಿಯ ವಿಷಯ ಕಿವಿಗೆ ಬಿದ್ದದ್ದೇ ಅವರು ಕುರ್ಚಿ ಮುಂದಕ್ಕೆಳೆದುಕೊಂಡರು.

"ಬ್ಯಾಡಗಿ ಬರಕೋ ಮೊದಲ. ಐದು ಹಾಕು. ನಮ್ಮೂರ ಮೆಣಸಿನಕಾಯಿ ಇಲ್ಲದ ಕೆಂಪ ಸಾರು ಹ್ಯಾಂಗಿರತೈತಿ ಕೇಳು ನಿಮ್ಮವ್ವನ್ನ. ದಿಲ್ಲಿಯೊಳಗ ಯಾರ ಕೂತರೂ ಊಟಕ್ಕ ಬ್ಯಾಡಗಿ ಬೇಕ."

ಅರ್ಧ ಗಂಟೆ ಮಾತಾಡಿದರು. ಮೋಟೆಬೆನ್ನೂರು, ಹಾನಗಲ್ಲು, ಬಂಕಾಪುರ. ಅಪರ್ಣಾ ಬರೆದುಕೊಂಡೇ ಬರೆದುಕೊಂಡಳು. ಪಾರ್ವತಿಯವರು ಬೀನ್ಸ್ ಸೋಸಿ ಕೃಷ್ಣವೇಣಿಯವರಿಗೆ ಕೊಡುತ್ತಿದ್ದರು.

"ಕಾಕು, ನಿಮ್ಮ ಮದರ್ಸ್ ಪ್ಲೇಸ್ ಯಾವ್ದು? ಅದೂ ಬರೀತೀನಿ."

"ಹೇಳೂ ಅಂಥಾ ಊರಲ್ಲ ಬಿಡವಾ. ಧಾರವಾಡದ ಹಂತ್ಯಾಕ, ಗರಗ."

ಪಟ್ಟಿಯಲ್ಲಿ ಗರಗ ಇತ್ತು. ಪಕ್ಕದಲ್ಲಿ ಒಂದು. "ಅಲ್ಲಿ ಏನು ಸ್ಪೆಷಲ್?"

"ಸ್ಪೆಷಲ್ ಏನಿಲ್ಲ. ಮಠ ಐತಿ. ಖಾದಿ ಮಗ್ಗ ಅದಾವು. ಮದಿವ್ಯಾಗೂ ಮೊದಲ ಮೂರು ವರ್ಷ ನಾನೂ ನೇಯ್ದೀನಿ."

"ಸೀರೆನಾ?"

"ಸೀರಿ ಅಲ್ಲ. ಝೇಂಡಾದ ಅರಿವಿ."

ಆ ಎರಡು ಪದಗಳು ಅಪರ್ಣಾಗೆ ಥಟ್ಟನೆ ಹೊಳೆಯಲಿಲ್ಲ. ಜಯತೀರ್ಥರು ಅರ್ಥ ಹೇಳಿದರು: ಬಾವುಟದ ಬಟ್ಟೆ.

"ಯಾವ ಫ್ಲ್ಯಾಗ್ ಕಾಕು?"

"ಯಾವದಂದ್ರ? ದೇಶದ್ದು." ಪಾರ್ವತಿಯವರು ಬೀನ್ಸಿನ ನಾರು ಎಳೆಯುತ್ತಲೇ ಹೇಳಿದರು. "ಭಾಳ ಬಿಗಿ ಲೆಕ್ಕ ಅದರದು. ಭೂತಗನ್ನಡಿ ಹಿಡದು ಎಳಿ ಎಣಸ್ತಿದ್ರು. ಹೆಚ್ಚು ಕಡಿಮಿ ಆದ್ರ ಇಡೀ ಅರಿವಿ ಥಾನು ವಾಪಸ್. ನಂದು ಎರಡ ಸಲ ವಾಪಸ್ ಬಂದಿತ್ತು, ಅತ್ತೇನಿ."

ಬಸವಲಿಂಗಪ್ಪನವರು ಕಾಫಿ ಲೋಟ ಕೆಳಗಿಟ್ಟರು. "ಖಾದಿ ನೇಯ್ತಿದ್ದಿ ಅಂತ ಗೊತ್ತಿತ್ತು. ನಾ ಧೋತರ, ಜಮಖಾನಿ ಅಂತ ತಿಳಕೊಂಡಿದ್ದೆ. ಮದಿವ್ಯಾಗಿ ಮೂವತ್ತೆಂಟು ವರ್ಷ ಆತು, ಒಂದ್ ದಿನ ಹೇಳಿಲ್ಲಲ್ಲ."

"ನೀವು ಕೇಳಿಲ್ಲ."

"ಪ್ರತಿ ಆಗಸ್ಟ್ ಹದಿನೈದಕ್ಕ ಶಿಪ್‌ಯಾರ್ಡಿನಾಗ ಆ ಝೇಂಡಾಕ್ಕ ಸಲ್ಯೂಟ್ ಹೊಡದೀನಿ ನಾ."

"ಛಲೋ ಆತಲ್ಲ," ಎಂದರು ಪಾರ್ವತಿ, ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ಬಸವಲಿಂಗಪ್ಪನವರು ಆಮೇಲೆ ಬ್ಯಾಡಗಿಯ ಮಾತೆತ್ತಲಿಲ್ಲ.

ಗರಗಕ್ಕೆ ಕಾರಣವೇನೋ ಸಿಕ್ಕಿತು, ಆಧಾರ ಬೇಕಾಗಿತ್ತು. ಪರಿಚಯದ ಕಾಕು ಹೇಳಿದರು ಎಂದು ಬರೆದರೆ ಯುರೋಪಿನವರು ಒಪ್ಪುವುದಿಲ್ಲ. ಮುಂದಿನ ಶನಿವಾರ ಅಪರ್ಣಾ ಅಲಿಪುರದ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೊರಟಳು. ಕನ್ನಡ ಪುಸ್ತಕವನ್ನು ವೇಗವಾಗಿ ಓದಲು ಬಾರದ್ದರಿಂದ ಪಾರ್ವತಿಯವರನ್ನೇ ಕರೆದುಕೊಂಡು ಹೋದಳು. ಕೋಲ್ಕತ್ತಾದಲ್ಲಿ ಇಷ್ಟು ವರ್ಷ ಕಳೆದಿದ್ದರೂ ಅವರು ಆ ಕಡೆ ಕಾಲಿಟ್ಟಿರಲಿಲ್ಲ. ಆಲದ ಮರಗಳ ನಡುವಿನ ದಾರಿಯಲ್ಲಿ ನಡೆಯುವಾಗ ಸೆರಗು ಎರಡು ಸಲ ಸರಿಮಾಡಿಕೊಂಡರು.

ಕನ್ನಡ ವಿಭಾಗದಲ್ಲಿ ಇಂದುಮತಿ ಎಂಬ ಕರಾವಳಿಯ ಹೆಂಗಸು ಕೆಲಸಕ್ಕಿದ್ದರು. ಇಬ್ಬರು ಓದುಗರು ಒಟ್ಟಿಗೆ ಬಂದದ್ದು ನೋಡಿ ಅವರಿಗೆ ಎಷ್ಟು ಖುಷಿಯಾಯಿತೆಂದರೆ, ಕೇಳಿದ್ದಕ್ಕಿಂತ ಎರಡು ಪಟ್ಟು ತಂದು ಮೇಜಿನ ಮೇಲೆ ಪೇರಿಸಿದರು. "ಮಾರಾಯ್ರೆ, ನಿಧಾನ ನೋಡಿ. ಇದನ್ನು ಕೇಳಿಕೊಂಡು ಬೇರೆ ಯಾರೂ ಬರುದಿಲ್ಲ."

ಜಿಲ್ಲೆಯ ಗೆಝೆಟಿಯರ್, ಸ್ಮರಣ ಸಂಚಿಕೆಗಳು, ಖಾದಿ ಸಂಘಗಳ ಹಳೆಯ ವರದಿಗಳು. ಪಾರ್ವತಿಯವರು ಬೆರಳಿಟ್ಟು ಸಾಲು ಸಾಲು ಓದಿದರು. ನಡುನಡುವೆ ಗೊತ್ತಿದ್ದ ಹೆಸರು ಸಿಕ್ಕರೆ ನಿಲ್ಲುತ್ತಿದ್ದರು. "ಇವರು ನಮ್ಮ ಮಾಸ್ತರ. ಹಿಂಗ ಅಚ್ಚಾಗ್ಯಾರ ನೋಡ." ಮೂರನೇ ಕಟ್ಟಿನಲ್ಲಿ, ಮಧ್ಯಾಹ್ನ ಎರಡರ ಹೊತ್ತಿಗೆ ಸಿಕ್ಕಿತು. ಒಂದೂವರೆ ಸಾಲು. ರಾಷ್ಟ್ರಧ್ವಜದ ಬಟ್ಟೆ ಗರಗದ ಮಗ್ಗಗಳಲ್ಲಿ ತಯಾರಾಗುತ್ತದೆ ಎಂದಷ್ಟೇ ಇತ್ತು.

"ಇಷ್ಟ ಏನು?" ಪಾರ್ವತಿಯವರ ಮುಖ ಸಣ್ಣದಾಯಿತು.

"ಅರವತ್ತು ಅಕ್ಷರಕ್ಕೆ ಸಾಕು ಕಾಕು."

ಉಳಿದ ಊರುಗಳ ಆಧಾರಗಳೂ ಅದೇ ಕಟ್ಟುಗಳಿಂದ ಬಂದವು. ಗರಗದ ಪುಟದ ನೆರಳಚ್ಚು ಎರಡು ಮಾಡಿಸಿದರು. ಒಂದು ಆಫೀಸಿಗೆ, ಇನ್ನೊಂದನ್ನು ಪಾರ್ವತಿಯವರು ಮಡಿಚಿ ಪರ್ಸಿನಲ್ಲಿ ಇಟ್ಟುಕೊಂಡರು.

ಕೊಡುವ ಗಡುವಿಗೆ ಒಂದು ದಿನ ಮೊದಲು ದೇಬುದಾ ಅಪರ್ಣಾಳ ಕಡತ ತೆರೆದ. ನಲವತ್ತಮೂರು ಊರುಗಳ ಮುಂದೆ ಕಾರಣ, ನಲವತ್ತಮೂರು ಆಧಾರ. ಅವನು ಒಂದೊಂದನ್ನೇ ಓದಿದ. ಬೈಯುತ್ತಾನೆ ಎಂದುಕೊಂಡು ಅವಳು ಅಲ್ಲೇ ನಿಂತಿದ್ದಳು.

"ಇದನ್ನೆಲ್ಲ ಮಾಡು ಅಂತ ಯಾರು ಹೇಳಿದರು?"

"ಕಾಲಂ ಇತ್ತು. ತುಂಬಿದೆ."

ಅವನು ಪಶ್ಚಿಮ ಬಂಗಾಳದ ಕಡತ ತೆರೆದ. ಆ ರಾಜ್ಯ ಅವನೇ ಇಟ್ಟುಕೊಂಡಿದ್ದ. ಕೆಳಗೆ ಕೆಳಗೆ ಹೋಗಿ ಒಂದು ಹೆಸರಿನ ಮೇಲೆ ನಿಲ್ಲಿಸಿದ. ಗುಪ್ತಿಪಾರಾ. ತೂಕ ಒಂದು. ಕೊನೆಯ ಕಾಲಂ ಖಾಲಿ.

"ಇದು ನನ್ನ ಊರು."

"ನಿಮ್ಮೂರಿಗೆ ನೀವೇ ಒಂದು ಹಾಕಿದ್ರಾ?"

"ನಿಯಮ ಹಾಗಿದೆಯಲ್ಲ." ತಲೆ ಕೆರೆದುಕೊಂಡ. ಆಮೇಲೆ ಹೇಳತೊಡಗಿದ. ಹಿಂದೆ ಬಂಗಾಳದಲ್ಲಿ ದೇವಿಯ ಪೂಜೆ ಎಂದರೆ ಜಮೀನ್ದಾರರ ಮನೆಯ ಅಂಗಳದಲ್ಲಿ ಮಾತ್ರ. ಅವರು ಕರೆದರೆ ಹೋಗಬೇಕು, ಇಲ್ಲವಾದರೆ ಇಲ್ಲ. ಗುಪ್ತಿಪಾರಾದ ಹನ್ನೆರಡು ಗೆಳೆಯರನ್ನು ಒಂದು ವರ್ಷ ಒಳಗೆ ಬಿಡಲಿಲ್ಲವಂತೆ. ಅವರು ಸಿಟ್ಟಿನಲ್ಲಿ ತಾವೇ ಸೇರಿ ಬಯಲಲ್ಲಿ ಪೂಜೆ ಮಾಡಿದರಂತೆ. ಎಲ್ಲರೂ ಬನ್ನಿ ಎಂದರಂತೆ. ಊರವರೆಲ್ಲ ಸೇರಿ ಮಾಡುವ ಪೂಜೆಗೆ 'ಬಾರೋವಾರಿ', ಅಂದರೆ ಹನ್ನೆರಡು ಗೆಳೆಯರದು, ಎಂಬ ಹೆಸರು ಬಿದ್ದದ್ದು ಅದರಿಂದಲೇ ಅಂತೆ. "ನಮ್ಮ ಕಡೆ ಹಾಗೆ ಹೇಳುತ್ತಾರೆ. ಈಗ ಕೋಲ್ಕತ್ತಾದ ಯಾವ ಬೀದಿಗೆ ಹೋದರೂ ಪೆಂಡಾಲ್. ಅದು ಎಲ್ಲಿಂದ ಶುರುವಾಯಿತು ಎಂದು ಯಾರು ಕೇಳುತ್ತಾರೆ?"

"ಕಂಪನಿಯವರು ಕೇಳಿದ್ದಾರೆ. ಅರವತ್ತು ಅಕ್ಷರದಲ್ಲಿ," ಎಂದಳು ಅಪರ್ಣಾ.

ಇಬ್ಬರೂ ಐದೂವರೆ ತನಕ ಕೂತರು. ಹನ್ನೆರಡು ಗೆಳೆಯರನ್ನು ತಂದರೆ ಪೂಜೆಗೆ ಜಾಗ ಸಾಲುತ್ತಿರಲಿಲ್ಲ, ಪೂಜೆ ತಂದರೆ ಸಿಟ್ಟು ಬಿಡಬೇಕಾಗುತ್ತಿತ್ತು. ಕೊನೆಗೆ ಜಮೀನ್ದಾರರನ್ನು ಕೈಬಿಟ್ಟರು. ಆಧಾರಕ್ಕೆ ದೇಬುದಾ ಮರುದಿನ ಊರಿನ ಪೂಜೆಯ ಹಳೆಯ ಸ್ಮರಣ ಸಂಚಿಕೆ ಮನೆಯಿಂದ ತಂದ.

ಉತ್ತರ ಬಂದದ್ದು ಸೆಪ್ಟೆಂಬರಿನಲ್ಲಿ. ಇಬ್ಬರವೂ ಸೇರಿ ನಲವತ್ತನಾಲ್ಕರಲ್ಲಿ ಹತ್ತೊಂಬತ್ತು ಊರು ಒಪ್ಪಿಗೆಯಾಗಿದ್ದವು. ನಂಜನಗೂಡು ಇತ್ತು. ಬ್ಯಾಡಗಿ ಇತ್ತು, ಮೆಣಸಿನಕಾಯಿಯ ಹೆಸರು ಯುರೋಪಿನಲ್ಲೂ ಯಾರಿಗೋ ಗೊತ್ತಿತ್ತು ಎಂದು ಕಾಣುತ್ತದೆ. ಗರಗಕ್ಕೆ ಮೂರು, ಗುಪ್ತಿಪಾರಾಕ್ಕೆ ಮೂರು. ಸವಣೂರು ಇರಲಿಲ್ಲ. 'ಯುದ್ಧಗಳು ಹೆಚ್ಚು, ಯಾವುದು ಮುಖ್ಯ ಸ್ಪಷ್ಟವಿಲ್ಲ' ಎಂದು ಷರಾ ಹಾಕಿದ್ದರು. ಜಯತೀರ್ಥರು ಎರಡು ದಿನ ಆ ವಿಷಯ ಮಾತಾಡಲಿಲ್ಲ. ಮೂರನೇ ದಿನ, "ಅವರೇನು ನವಾಬರನ್ನ ಕಂಡಾರೇನು, ಬಿಡು," ಎಂದರು. ಅಪರ್ಣಾ ಎರಡನೇ ಸಲ ಬರೆದು ಕಳಿಸಿದಳು. ಅದಕ್ಕೆ ಉತ್ತರ ಬರಲೇ ಇಲ್ಲ.

ಬಸವಲಿಂಗಪ್ಪನವರು ಮಾತ್ರ ಕನ್ನಡ ಸಂಘದಲ್ಲಿ ಸಿಕ್ಕವರಿಗೆಲ್ಲ ಗರಗದ ಸುದ್ದಿ ಹೇಳಿದರು. ಯಾರೂ ಕೇಳದಿದ್ದರೂ, "ಈಕೀನ ನೇಯ್ದದ್ದು," ಎಂದು ಹೆಂಡತಿಯನ್ನು ಮುಂದೆ ನಿಲ್ಲಿಸುತ್ತಿದ್ದರು. ಪಾರ್ವತಿಯವರಿಗೆ ನಾಚಿಕೆಯಾಗುತ್ತಿತ್ತು, ಆದರೂ ಹಿಂದೆ ಸರಿಯುತ್ತಿರಲಿಲ್ಲ.

ನವೆಂಬರಿನಲ್ಲಿ ಜಗದ್ಧಾತ್ರಿ ಪೂಜೆಗೆ ದೇಬುದಾ ಎಲ್ಲರನ್ನೂ ಊರಿಗೆ ಕರೆದ. ಹನ್ನೆರಡು ಗೆಳೆಯರ ಪೂಜೆ ಅದೇ. ಹೌರಾದಿಂದ ಲೋಕಲ್ ರೈಲಿನಲ್ಲಿ ಎರಡು ಗಂಟೆ ಮೀರಿದ ದಾರಿ. ಅಪರ್ಣಾಳ ಅಪ್ಪ ಅಮ್ಮ, ಬಸವಲಿಂಗಪ್ಪ ದಂಪತಿ, ಎಲ್ಲರೂ ಹೋದರು. ಇಟ್ಟಿಗೆಯ ಹಳೆಯ ದೇವಸ್ಥಾನ ನೋಡಿದರು, ದೇವಿಯ ಮುಂದೆ ಕೂತರು. ದೇಬುದಾನ ತಾಯಿ ಖಿಚುಡಿ, ಬದನೆಕಾಯಿ ಭಾಜಾ ಬಡಿಸಿದರು. ಪಾರ್ವತಿಯವರು ಯಾರೆಂದು ಮಗ ಹೇಳಿದಾಗ ಆ ಮುದುಕಿ ಅವರ ಎರಡೂ ಕೈ ಹಿಡಿದು ಬೆರಳುಗಳನ್ನು ತಿರುಗಿಸಿ ನೋಡಿದರು. ಪಾರ್ವತಿಯವರ ಬಂಗಾಳಿ ತರಕಾರಿ ಕೊಳ್ಳುವಷ್ಟು ಮಾತ್ರ, ಆ ತಾಯಿಗೆ ಕನ್ನಡ ಬಾರದು. ಊಟ ಮುಗಿಯುವ ತನಕ ಇಬ್ಬರೂ ತಂತಮ್ಮ ಭಾಷೆಯಲ್ಲೇ ಮಾತಾಡಿಕೊಂಡರು.

ಸಂಜೆಯ ರೈಲಿನಲ್ಲಿ ಜನ ಕಡಿಮೆ ಇತ್ತು. ಬಸವಲಿಂಗಪ್ಪನವರು ಕಿಟಕಿ ಪಕ್ಕ ಹೆಂಡತಿಯನ್ನು ಕೂರಿಸಿ ತಾವು ಎದುರಿಗೆ ಕೂತರು. 

"ಅಲ್ಲ, ಆ ಮೂರು ಬಣ್ಣ ನೀವ ಹಾಕ್ತಿದ್ರೇನು?"

"ಇಲ್ಲರಿ. ನಾವು ಬಿಳೇ ಅರಿವಿ ಅಷ್ಟ ನೇಯ್ತಿದ್ದಿವಿ. ಬಣ್ಣ ಬ್ಯಾರೆ ಕಡೆ."

"ಹಂಗಾರ ನೀ ನೇಯ್ದದ್ದು ಕೇಸರಿ ಆತೋ ಹಸಿರಾತೋ ಗೊತ್ತಾಗೂದಿಲ್ಲ."

"ಗೊತ್ತಾಗೂದಿಲ್ಲ. ನಾವು ಹುಡುಗ್ಯಾರು ಪಂಥ ಕಟ್ಟತಿದ್ದಿವಿ. ಗಂಗವ್ವ ಅಂತ ಒಬ್ಬಾಕಿ ಇದ್ದಳು, ತಾ ನೇಯ್ದದ್ದು ಯಾವಾಗಲೂ ಕೇಸರೀನ ಅಂತಿದ್ಲು."

"ಯಾಕ?"

ಪಾರ್ವತಿಯವರು ಗಂಗವ್ವನ ಕಥೆ ಹೇಳಿದರು. ಬ್ಯಾಂಡೆಲ್ ನಿಲ್ದಾಣದಲ್ಲಿ ಕಡಲೆಕಾಯಿಯವನು ಹತ್ತಿದ. ಬಸವಲಿಂಗಪ್ಪನವರು ಎರಡು ಪೊಟ್ಟಣ ಕೊಂಡು ಒಂದನ್ನು ಬಿಡಿಸಿ ಹೆಂಡತಿಯ ಕೈಗಿಟ್ಟರು, ಆಮೇಲೆ ಮಗ್ಗಕ್ಕೆ ದಿನಾ ಎಷ್ಟು ಗಂಟೆ ಕೂಡಬೇಕಾಗುತ್ತಿತ್ತು ಎಂದು ಕೇಳಿದರು.