ಅಳತೆಗೆ ಒಂದು ಹೆಬ್ಬೆಟ್ಟು

ಅಕ್ಕ ತೆಗೆದ ಒಂದೊಂದು ಫೋಟೋದಲ್ಲೂ ನಾನಿದ್ದೇನೆ. ಮುಖ ಇಲ್ಲ, ಮೈ ಇಲ್ಲ, ಬರೀ ಎಡಗೈ ಹೆಬ್ಬೆಟ್ಟು. ಅವಳಿಗೆ ಅಣಬೆ ಮತ್ತು ಪಾಚಿಯ ಹುಚ್ಚು. ಸಾಸಿವೆ ಕಾಳಿನಷ್ಟಿರುವ ಅಣಬೆಯನ್ನು ಕ್ಯಾಮೆರಾ ಕುಂಬಳಕಾಯಿಯಷ್ಟು ಮಾಡಿ ತೋರಿಸಿಬಿಡುತ್ತದೆ. ನೋಡುವವರಿಗೆ ನಿಜವಾದ ಅಳತೆ ತಿಳಿಯಲೆಂದು ಪಕ್ಕದಲ್ಲಿ ಏನಾದರೂ ಇಡಬೇಕು. ಬೇರೆಯವರು ನಾಣ್ಯವನ್ನೋ ಪೆನ್ನಿನ ಮುಚ್ಚಳವನ್ನೋ ಇಡುತ್ತಾರೆ. ಅಕ್ಕ ನನ್ನ ಬೆರಳು ಇಡುತ್ತಿದ್ದಳು.

"ನಾಣ್ಯ ಒಂದೊಂದು ಊರಲ್ಲಿ ಒಂದೊಂದು ಥರ. ಹೆಬ್ಬೆಟ್ಟು ಎಲ್ಲರ ಹತ್ರಾನೂ ಇದೆ," ಎನ್ನುವುದು ಅವಳ ವಾದ.

"ನಿನ್ ಹತ್ರಾನೂ ಇದೆಯಲ್ಲ, ಅದನ್ನೇ ಇಡು."

"ನಂದು ಚೆನ್ನಾಗಿದೆ ಕಣೇ. ಜನ ಅಣಬೆ ಬಿಟ್ಟು ಅದನ್ನೇ ನೋಡ್ತಾರೆ."

ನನ್ನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಸುತ್ತಿಗೆ ಏಟು ತಿಂದು ತಿಂದು ಆ ಉಗುರು ನಡುವೆ ಸೀಳಿಹೋಗಿದೆ. ಅದನ್ನು ಯಾರೂ ಎರಡನೇ ಸಲ ನೋಡುವುದಿಲ್ಲ ಎಂಬುದು ನಿಜ. ಕೊನೆಗೆ ಮನೆಯಲ್ಲಿ ನನ್ನ ಹೆಸರೇ ಹೆಬ್ಬೆಟ್ಟು ಎಂದಾಯಿತು. ನನಗೆ ಓದು ಬರಹ ಬರುವುದಿಲ್ಲವೆಂದು ತಿಳಿದುಕೊಂಡ ನೆಂಟರೂ ಇದ್ದಾರೆ.

ಸೊಟ್ಟಗಿರುವುದು ಕಂಡರೆ ನನಗೆ ಆಗುವುದಿಲ್ಲ. ಯಾರ ಮನೆಗೆ ಹೋದರೂ ಗೋಡೆಯ ಮೇಲಿನ ಪಟ ನೆಟ್ಟಗೆ ಮಾಡಿಯೇ ಕುರ್ಚಿಯಲ್ಲಿ ಕೂರುವವಳು ನಾನು. ಅಂಗಡಿಯ ಒಳಗೋಡೆಯ ಮೇಲೆ ದಾರ ಹಿಡಿದು ಹೊಡೆದ ಮೊಳೆಗಳ ಸಾಲಿದೆ. ಅದರ ತುಂಬ ಒಂದೇ ಮರದ ಫೋಟೋಗಳು. ಗುಡ್ಡದ ಮೇಲಿನ ಕಾಡಿನಲ್ಲಿ ಗಾಳಿಗೆ ಉರುಳಿದ ಮರ ಅದು. ಬಿದ್ದ ವರ್ಷದಿಂದ ಪ್ರತಿ ಮಳೆಗಾಲದ ಕೊನೆಗೆ, ಒಂದೇ ಜಾಗದಲ್ಲಿ ಮೊಣಕಾಲೂರಿ, ಅಕ್ಕ ಅದರ ಫೋಟೋ ತೆಗೆಯುತ್ತ ಬಂದಿದ್ದಳು. ಮೊದಲ ಪಟದಲ್ಲಿ ತೊಗಟೆ ಗಟ್ಟಿಯಾಗಿದೆ. ಆಮೇಲಿನವುಗಳಲ್ಲಿ ಪಾಚಿ ಒಂದು ತುದಿಯಿಂದ ಕಂಬಳಿ ಎಳೆದ ಹಾಗೆ ಮೇಲೇರುತ್ತದೆ, ಕಿವಿಯಂಥ ಅಣಬೆಗಳು ಸಾಲಾಗಿ ಏಳುತ್ತವೆ, ನಡು ಕುಸಿಯುತ್ತದೆ. ಎಲ್ಲದರಲ್ಲೂ ಮರದ ಒಂದು ಗಂಟಿನ ಮೇಲೆ ನನ್ನ ಹೆಬ್ಬೆಟ್ಟು ಇದೆ. ಮರ ಪೂರ್ತಿ ಮಣ್ಣಾಗುವವರೆಗೆ ಬಿಡುವುದಿಲ್ಲ ಎಂದು ಅಕ್ಕ ಹಟ ಹಿಡಿದಿದ್ದಳು.

ಮರ ಇನ್ನೂ ಇದೆ. ಅಕ್ಕನೇ ಇಲ್ಲ.

ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು. ವಾರವೆಲ್ಲ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು, ಭಾನುವಾರ ಬಂತೆಂದರೆ ಕಾಡಿನ ನೆಲಕ್ಕೆ ಕಣ್ಣು ಕೊಡುತ್ತಿದ್ದಳು. ಹೋದ ವರ್ಷ ಮರದ ಫೋಟೋ ತೆಗೆದು ಬಂದ ಮೇಲೆ ಯಾಕೋ ಸುಸ್ತು ಎನ್ನತೊಡಗಿದಳು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ತನ್ನ ರಕ್ತವನ್ನು ತಾನೇ ಗಾಜಿನ ಮೇಲೆ ಸವರಿ ನೋಡಿದಳು. ಡಾಕ್ಟರು ಬಾಯಿ ಬಿಡುವ ಮೊದಲೇ ಅವಳಿಗೆ ಗೊತ್ತಾಗಿತ್ತು. ಗಾಜು ತೊಳೆದಿಟ್ಟು, ಬೇರೆಯವರ ಸ್ಯಾಂಪಲ್ಲುಗಳನ್ನೆಲ್ಲ ಮುಗಿಸಿ, ಸಂಜೆ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. "ಟೀ ತರಿಸೇ," ಅಂದಳು. ಟೀ ಕುಡಿದು ಲೋಟ ಕೆಳಗಿಟ್ಟ ಮೇಲೆ ವಿಷಯ ಹೇಳಿದಳು.

ಹಾಸಿಗೆ ಹಿಡಿದ ಮೇಲೆ ಅವಳು ನನ್ನಲ್ಲಿ ಕೇಳಿದ್ದು ಒಂದೇ.

"ಈ ವರ್ಷ ಮರ ತಪ್ಪಿಸ್ಬೇಡ. ನೀನೇ ಹೋಗಿ ತೆಗಿ."

"ನಂಗೆಲ್ಲಿ ಬರತ್ತೆ ಅಕ್ಕ?"

"ಇಷ್ಟು ವರ್ಷ ಕ್ಯಾಮೆರಾ ಎದುರಿಗೇ ಕೂತಿದ್ದೀಯ."

"ಎದುರಿಗೆ ಕೂತ್ರೆ ಬಂದ್ಬಿಡತ್ತಾ? ಹಾಗಾದ್ರೆ ಸಿನಿಮಾ ನೋಡೋರೆಲ್ಲ ಹೀರೋಗಳೇ."

ನಕ್ಕಳು. ನಗು ಕೆಮ್ಮಾಗಿ, ಕೆಮ್ಮು ನಿಲ್ಲುವವರೆಗೆ ಬೆನ್ನು ಸವರಿದೆ. ಬೆನ್ನಿನಲ್ಲಿ ಮೂಳೆ ಬಿಟ್ಟರೆ ಏನೂ ಉಳಿದಿರಲಿಲ್ಲ. "ನಾನು ಕೂತ ಜಾಗದಲ್ಲೇ ಕೂತ್ಕೋ. ಅಷ್ಟು ಸಾಕು," ಎಂದಳು. ಬೇಸಿಗೆ ಮುಗಿಯುವ ಮೊದಲೇ ಹೊರಟುಹೋದಳು.

ನಾನು ಈ ವರ್ಷದ ಪಟಕ್ಕೆ ಮೊಳೆ ಹೊಡೆದಿಟ್ಟೆ. ಅವಳು ಕೇಳಿದ್ದನ್ನು ಅದಕ್ಕೆ ತೂಗುಹಾಕುವವರೆಗೆ ನನಗೆ ನೆಮ್ಮದಿ ಇಲ್ಲ ಎಂದು ಗೊತ್ತಿತ್ತು. ಅಂಗಡಿಯ ಮೇಜಿನ ಮೇಲೆ ಅಭ್ಯಾಸ ಮಾಡಿದೆ. ಬಲಗೈಯಲ್ಲಿ ಕ್ಯಾಮೆರಾ, ಎಡಗೈ ಮುಂದಕ್ಕೆ ಚಾಚಿ ಅಂಟಿನ ಡಬ್ಬಿಯ ಪಕ್ಕ ಹೆಬ್ಬೆಟ್ಟು. ಮೊದಮೊದಲು ಎಲ್ಲ ಮಸುಕು. ಆಮೇಲೆ ಸರಿಯಾಗಿಯೇ ಬಂತು. ಆಗ ತಲೆಗೆ ಹೊಳೆಯಿತು: ಒಬ್ಬಳಿಂದಲೇ ಆಗುವ ಕೆಲಸ ಇದು. ಅಕ್ಕನ ಕೈ ನನ್ನ ಕೈಗಿಂತ ಉದ್ದ. ಹಾಗಾದರೆ ಇಷ್ಟು ವರ್ಷ ನನ್ನನ್ನು ಯಾಕೆ ದರದರ ಎಳೆದುಕೊಂಡು ಹೋಗುತ್ತಿದ್ದಳು? ಉತ್ತರ ಕೇಳಲು ಹೋಗಬೇಕಾದ ಮನೆಯಲ್ಲಿ ಅವಳಿರಲಿಲ್ಲ. ಆ ದಿನ ಅಂಗಡಿ ಬೇಗ ಮುಚ್ಚಿದೆ.

ಮಳೆ ಹಿಂದೆಗೆದ ಮೇಲಿನ ಭಾನುವಾರ ಭಾವ ಕಾರಿನಲ್ಲಿ ಕರೆದುಕೊಂಡು ಹೋದರು. ಭಾವ ಬಸ್ಸು ಓಡಿಸಿ ನಿವೃತ್ತರಾದವರು. ಕ್ಲಚ್ಚು ಬ್ರೇಕು ಒತ್ತಿ ಒತ್ತಿ ಎರಡೂ ಮೊಣಕಾಲು ಕೆಟ್ಟಿವೆ. ಮೊಣಕಾಲು ಗಟ್ಟಿಯಿದ್ದ ಕಾಲದಲ್ಲೂ ಅವರು ಗುಡ್ಡ ಹತ್ತಿದವರಲ್ಲ. ರಸ್ತೆ ಮುಗಿಯುವಲ್ಲಿ ನಮ್ಮಿಬ್ಬರನ್ನು ಇಳಿಸಿ, ಸೀಟು ಹಿಂದಕ್ಕೆ ಮಾಡಿ ಮಲಗುತ್ತಿದ್ದರು. "ಪಾಚಿ ನೋಡೋಕೆ ಇಷ್ಟು ದೂರ ಬರ್ಬೇಕಾ? ನಮ್ಮ ಬಚ್ಚಲಲ್ಲೇ ಬೇಕಾದಷ್ಟಿದೆ," ಎಂದು ಪ್ರತಿ ಸಲ ಹೇಳುತ್ತಿದ್ದರು. ಅಕ್ಕ ಪ್ರತಿ ಸಲ, "ಅದನ್ನ ತಿಕ್ಕೋಕೆ ಹೇಳಿದ್ದು ನಿಮಗೇ," ಎನ್ನುತ್ತಿದ್ದಳು. ಈ ಸಲ ಅವರು ಬಚ್ಚಲಿನ ಮಾತೆತ್ತಲಿಲ್ಲ. ಕ್ಯಾಮೆರಾದ ಪಟ್ಟಿಯನ್ನು ನನ್ನ ಕೊರಳಿಗೆ ಹಾಕಿ, "ಲಾಸ್ಟ್ ಸ್ಟಾಪ್. ಹುಷಾರಾಗಿ ಇಳೀಮ್ಮ," ಎಂದು ಬೇರೆ ಕಡೆ ನೋಡಿದರು.

ದಾರಿ ಗುರುತಿನದೇ. ಆದರೂ ಒಬ್ಬಳೇ ಹತ್ತುವಾಗ ಕಾಡು ಬೇರೆಯಾಗಿರುತ್ತದೆ. ನನ್ನ ಏದುಸಿರು ನನಗೇ ಕೇಳುತ್ತಿತ್ತು. ಎಲೆಗಳಿಂದ ಹನಿ ಉದುರುತ್ತಿತ್ತು, ಕೊಳೆತ ಸೌದೆಯ ವಾಸನೆ ಹಿತವಾಗಿ ಮೂಗಿಗೆ ಬರುತ್ತಿತ್ತು. ಬಂಡೆಗಳ ಮೇಲೆ ಪಾಚಿ ಎರಡು ಮೂರು ಬಗೆಯಲ್ಲಿತ್ತು. ಒಂದು ಮಖಮಲ್ಲಿನಂಥದು, ಒಂದು ನಕ್ಷತ್ರ ನಕ್ಷತ್ರವಾಗಿ ಬಿಡಿಸಿಕೊಂಡದ್ದು. ಅಕ್ಕ ಇವಕ್ಕೆಲ್ಲ ಉದ್ದುದ್ದ ಹೆಸರು ಹೇಳುತ್ತಿದ್ದಳು. ನಾನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದೆ. ಈಗ ಒಂದಾದರೂ ನೆನಪಾಗಬಾರದೇ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಅರ್ಧ ದಾರಿಯಲ್ಲಿ, ಬೇರಿನ ಸಂದಿಯಲ್ಲಿ, ಅರಿಸಿನ ಬಣ್ಣದ ಪುಟ್ಟ ಅಣಬೆ ಕಂಡಿತು. ಟೋಪಿಯ ಮೇಲೆ ಒಂದೇ ಹನಿ ನಿಂತಿತ್ತು. ಕುಕ್ಕರಗಾಲಿನಲ್ಲಿ ಕೂತೆ. ಎಡಗೈ ಚಾಚಿ ಹೆಬ್ಬೆಟ್ಟನ್ನು ಅಣಬೆಯ ಪಕ್ಕ ಇಟ್ಟೆ, ಉಗುರಿನ ಸೀಳು ಕ್ಯಾಮೆರಾಕ್ಕೆ ಕಾಣದ ಹಾಗೆ ಸ್ವಲ್ಪ ಓರೆ ಮಾಡಿದೆ, ಉಸಿರು ಹಿಡಿದೆ. ಅಕ್ಕ ಯಾವಾಗಲೂ, "ಅಲ್ಲಾಡ್ಬೇಡ, ಉಸಿರು ಹಿಡಿ," ಎನ್ನುತ್ತಿದ್ದಳು. ಕ್ಲಿಕ್ ಆದ ಮೇಲೆ, "ಹ್ಞಾಂ, ಬಿಡು," ಎನ್ನುವಳು. ನಾನು ಹಾಗೆಯೇ ಕಾದೆ. ತಡವಾಯಿತು. ಇವಳದೊಂದು ಯಾವಾಗಲೂ ಇದೇ ಗೋಳು, ಬೆಳಕು ಸರಿಯಿಲ್ಲ ಕೋನ ಸರಿಯಿಲ್ಲ ಎಂದು ಕಾಯಿಸುತ್ತಾಳೆ ಎಂದುಕೊಂಡು, ಬೈಯಲು ತಲೆ ಎತ್ತಿದೆ.

ಕ್ಯಾಮೆರಾ ನನ್ನ ಕೊರಳಲ್ಲೇ ತೂಗುತ್ತಿತ್ತು.

ಆ ಅಣಬೆಯ ಫೋಟೋ ತೆಗೆಯಲು ನನ್ನಿಂದ ಆಗಲಿಲ್ಲ. ಒದ್ದೆ ಬೇರಿನ ಮೇಲೆ ಕೂತು ಚೆನ್ನಾಗಿ ಅತ್ತೆ. ಆಸ್ಪತ್ರೆಯಲ್ಲಿ, ಮನೆಯಲ್ಲಿ, ಬಂದವರ ಮುಂದೆ ತಡೆದಿಟ್ಟದ್ದೆಲ್ಲ ಅಲ್ಲಿ ಕಿತ್ತುಕೊಂಡು ಬಂತು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಎದ್ದೆ. ಬಂದ ಕೆಲಸ ಬಾಕಿಯಿತ್ತು.

ಮರದ ಹತ್ತಿರ ದಾರಿ ಎರಡಾಗುತ್ತದೆ. ಪ್ರತಿ ಸಲ ಅಕ್ಕ ಮೇಲಿನದನ್ನು ಹಿಡಿದು ಮರದ ಮೇಲ್ಬದಿಗೆ ಹೋಗುತ್ತಿದ್ದಳು. ನನ್ನನ್ನು ತೊರೆಯ ಪಕ್ಕದ ದಾರಿಯಲ್ಲಿ ಕೆಳಬದಿಗೆ ಅಟ್ಟುತ್ತಿದ್ದಳು. "ಇಬ್ರೂ ಇಲ್ಲೇ ಓಡಾಡಿದ್ರೆ ಪಾಚಿಗೆ ಉಳಿಗಾಲ ಇಲ್ಲ," ಎನ್ನುವಳು. ಕಾಡಿನಲ್ಲಿ ಅವಳದು ಒಂದೇ ಕಟ್ಟಳೆ: ಮೊಣಕಾಲು ಊರಿದ ಕಡೆಯೇ ಊರಬೇಕು. ಸತ್ತರೆ ಅಷ್ಟೇ ಜಾಗದ ಪಾಚಿ ಸಾಯಲಿ, ಹೊಸ ಜಾಗ ಕೆಡಿಸಬಾರದು. ಫೋಟೋದ ದಿನ ಮಾತ್ರವಲ್ಲ, ಮಳೆಗಾಲದ ಭಾನುವಾರಗಳಲ್ಲೆಲ್ಲ ಬಂದು ಅವಳು ಅದೇ ಜಾಗದಲ್ಲಿ ಕೂರುತ್ತಿದ್ದಳು. ನಾನು ಎದುರುಗಡೆ, ಮರದ ಆಚೆ ಕೂರುತ್ತಿದ್ದೆ. ಆ ಮೇಲ್ಬದಿಯನ್ನು ನಾನು ಕಂಡದ್ದೇ ಇಲ್ಲ.

ಈ ಸಲ ಮೇಲಿನ ದಾರಿ ಹಿಡಿದೆ. ದಾರಿ ಮುಗಿದಲ್ಲಿ ಮರ ಕಾಣಿಸಿತು. ನಡು ಇನ್ನಷ್ಟು ಇಳಿದಿತ್ತು, ಗಂಟು ಮಾತ್ರ ಗಟ್ಟಿಯಾಗಿತ್ತು. ಅಕ್ಕ ಕೂರುತ್ತಿದ್ದ ಜಾಗ ಯಾವುದು ಎಂದು ಹುಡುಕಬೇಕಾದೀತು ಎಂದುಕೊಂಡಿದ್ದೆ. ಹುಡುಕಬೇಕಾಗಿ ಬರಲಿಲ್ಲ. ಹಸಿರು ನೆಲದಲ್ಲಿ ಪಕ್ಕಪಕ್ಕದಲ್ಲಿ ಎರಡು ಗುಳಿಗಳಿದ್ದವು. ಬಟ್ಟಲಿನಷ್ಟು ಅಗಲ, ಬಲಗಡೆಯದು ಸ್ವಲ್ಪ ಹೆಚ್ಚು ಆಳ. ಅಕ್ಕ ಬಲಗಾಲಿಗೆ ಭಾರ ಹಾಕುವವಳು. ಅವಳ ಚಪ್ಪಲಿಯಲ್ಲೂ ಬಲಗಾಲಿನದೇ ಮೊದಲು ಸವೆಯುತ್ತಿತ್ತು.

ನಾನು ನಿಂತಲ್ಲೇ ನಿಂತೆ. ಅವಳ ಬಟ್ಟೆಗಳನ್ನು ಕೊಟ್ಟಾಗಿತ್ತು. ಅವಳ ಮಂಚದ ಮೇಲೆ ಭಾವ ಇಸ್ತ್ರಿಗೆ ಕೊಡುವ ಬಟ್ಟೆ ಒಟ್ಟುತ್ತಿದ್ದರು. ಅವಳ ಮೈಯ ಭಾರ ಇನ್ನೂ ಉಳಿದಿದ್ದ ಜಾಗ ಲೋಕದಲ್ಲಿ ಇದೊಂದೇ.

ಬಗ್ಗಿ ನೋಡಿದಾಗ ಗುಳಿಗಳ ಅಂಚಿನಿಂದ ಒಳಕ್ಕೆ ಎಳೆ ಹಸಿರು ಇಳಿದಿರುವುದು ಕಂಡಿತು. ಹೊಸ ಪಾಚಿ. ಒಂದು ವರ್ಷ ಯಾರೂ ಮೊಣಕಾಲೂರದ್ದರಿಂದ ಅದಕ್ಕೆ ಧೈರ್ಯ ಬಂದಿತ್ತು. ನಡುವೆ ಅಂಗೈಯಷ್ಟು ಮಣ್ಣು ಮಾತ್ರ ಬರಿದಾಗಿತ್ತು.

"ಏನು ಅಷ್ಟೊಂದು ಅವಸರ ನಿಮಗೆ?" ಎಂದು ಪಾಚಿಯನ್ನು ಜೋರಾಗಿಯೇ ಕೇಳಿದೆ. "ಇನ್ನೊಂದು ವರ್ಷ ತಡ್ಕೊಳ್ಳೋಕಾಗ್ತಿರ್ಲಿಲ್ವಾ?"

ಕೇಳಿದ್ದಷ್ಟೇ ಅಲ್ಲ, ಹೆಬ್ಬೆಟ್ಟಿನ ಉಗುರಿನಿಂದ ಒಂದು ಅಂಚನ್ನು ಕೆರೆದೂಬಿಟ್ಟೆ. ಎಳೆ ಪಾಚಿ ಸಲೀಸಾಗಿ ಎದ್ದು ಬಂತು. ಉಗುರಿನ ಸೀಳಿನಲ್ಲಿ ಹಸಿರು ಸಿಕ್ಕಿಕೊಂಡಿತು. ಅಕ್ಕ ಇದ್ದಿದ್ದರೆ ಕೈಗೆ ಪಟ್ಟೆಂದು ಒಂದು ಬಿಡುತ್ತಿದ್ದಳು. ಕಿತ್ತದ್ದನ್ನು ಮತ್ತೆ ಅಲ್ಲಿಯೇ ಇಟ್ಟು ಮೆಲ್ಲಗೆ ಅದುಮಿದೆ. ಅದು ಹಿಡಿಯುತ್ತದೋ ಇಲ್ಲವೋ ಗೊತ್ತಿಲ್ಲ.

"ನಾನು ಕೂತ ಜಾಗದಲ್ಲೇ ಕೂತ್ಕೋ," ಎಂದಿದ್ದಳು ಅಕ್ಕ. ಅಲ್ಲಿ ಕೂತರೆ ಮಾತ್ರ ಫೋಟೋ ಸಾಲಿಗೆ ಸರಿಹೊಂದುತ್ತದೆ. ಆದರೆ ಕೂತರೆ ಅವಳ ಮೊಣಕಾಲಿನ ಗುರುತು ನನ್ನ ಮೊಣಕಾಲಿನದಾಗುತ್ತದೆ, ಹುಟ್ಟುತ್ತಿರುವ ಪಾಚಿಯೂ ಸಾಯುತ್ತದೆ. ಕೂರದಿದ್ದರೆ ಮೊಳೆ ಖಾಲಿ. ಒಂದು ಸಲ ಮೊಣಕಾಲು ಬಗ್ಗಿಸಿಯೂ ನೋಡಿದೆ. ಗುಳಿಯಿಂದ ಗೇಣಿನಷ್ಟು ಎತ್ತರದಲ್ಲಿ ನಿಂತುಹೋಯಿತು. ಅಕ್ಕ ಸಾಯುವಾಗ ಕೇಳಿದ್ದು ಇದೊಂದೇ, ಇದೊಂದೂ ನನ್ನಿಂದ ಆಗಲಿಲ್ಲ.

ಕೊನೆಗೆ ಹಿಂದಕ್ಕೆ ಸರಿದು, ತುಳಿದು ಗಟ್ಟಿಯಾಗಿದ್ದ ದಾರಿಯ ಮೇಲೆ ಕೂತೆ. ಎಡಗೈ ಚಾಚಿ, ಬಲಗಡೆಯ ಗುಳಿಯ ಅಂಚಿನಲ್ಲಿ ಹೆಬ್ಬೆಟ್ಟು ಇಟ್ಟೆ. ಉಗುರನ್ನು ಓರೆ ಮಾಡಲಿಲ್ಲ. ಹೊಸ ಪಾಚಿ ಉಗುರಿನ ಅರ್ಧಕ್ಕೂ ಬರುತ್ತಿರಲಿಲ್ಲ. ಉಸಿರು ಹಿಡಿದು ಒತ್ತಿದೆ. ಬಿಡು ಎನ್ನುವವರು ಯಾರೂ ಇರಲಿಲ್ಲ. ಎದೆ ನೋಯುವವರೆಗೆ ಹಿಡಿದುಕೊಂಡೇ ಇದ್ದೆ.

ಕೆಳಗೆ ಭಾವ ಮಲಗಿರಲಿಲ್ಲ. ಕಾರಿನ ಬಾಗಿಲು ತೆರೆದುಕೊಂಡು, ಕಾಲು ಹೊರಗೆ ಚಾಚಿ, ಕಾಡಿನ ಕಡೆಗೇ ನೋಡುತ್ತಿದ್ದರು.

"ಸಿಕ್ತಾ?"

ಕ್ಯಾಮೆರಾ ಕೊಟ್ಟೆ. ಕನ್ನಡಕ ಹಣೆಗೇರಿಸಿ ಪರದೆಯನ್ನು ಕಣ್ಣಿಗೆ ಹತ್ತಿರ ಹಿಡಿದರು.

"ಮರ ಎಲ್ಲಮ್ಮಾ? ಇದೇನೋ ಹಳ್ಳ ಇದ್ದಂಗಿದೆ."

"ಅಕ್ಕನ ಮೊಣಕಾಲು ಭಾವ. ಊರಿ ಊರಿ ಆಗಿರೋದು. ಅದರ ಮೇಲೆ ಕೂತು ಮರ ತೆಗೆಯೋಕೆ ನನ್ ಕೈಲಿ ಆಗ್ಲಿಲ್ಲ."

ಭಾವ ತಮ್ಮ ಹೆಬ್ಬೆಟ್ಟನ್ನು ಪರದೆಯ ಮೇಲಿಟ್ಟು, ಮೊದಲು ಒಂದು ಗುಳಿಯನ್ನು, ಆಮೇಲೆ ಇನ್ನೊಂದನ್ನು ಸವರಿದರು. "ಇನ್ನೂ ಇದೆಯಾ ಇದು?" ಎಂದರು.

"ಇದೆ. ಪಾಚಿ ಬರ್ತಿದೆ. ಬರೋ ವರ್ಷ ಇರಲ್ಲ."

"ಇದಕ್ಕೇ ಕಟ್ಟು ಹಾಕು," ಎಂದು ಕ್ಯಾಮೆರಾವನ್ನು ನನ್ನ ಕೈಗಿತ್ತು, ಬಾಗಿಲು ಹಿಡಿದು ಎದ್ದು ನಿಂತರು. "ನಡಿ. ನಂಗೂ ತೋರ್ಸು."

ನನ್ನ ಹೆಗಲು ಹಿಡಿದು ದಾರಿಯ ಬುಡದವರೆಗೆ ನಡೆದು ಬಂದರು. ಮೊದಲ ಮೆಟ್ಟಿಲೇ ಮೊಣಕಾಲೆತ್ತರದ ಕಲ್ಲು. ಒಂದು ಕಾಲು ಎತ್ತಿಟ್ಟರು. ಇನ್ನೊಂದು ಮೇಲೇಳಲಿಲ್ಲ. ಮತ್ತೆ ಪ್ರಯತ್ನಿಸಿದರು, ಹಣೆಯಲ್ಲಿ ಬೆವರು ಒಡೆಯಿತು. ಆಮೇಲೆ ಕಾಲು ಕೆಳಗಿಳಿಸಿ, ಕಲ್ಲಿನ ಮೇಲಿದ್ದ ಪಾಚಿಯ ಮೇಲೆ ಅಂಗೈ ಊರಿಕೊಂಡು ನಿಂತರು.

"ಒಂದ್ಸಲಾದ್ರೂ ಬರ್ಬೇಕಿತ್ತು ನಾನು," ಎಂದರು. ಮೇಲಕ್ಕೆ ನೋಡುತ್ತ ಕೇಳಿದರು: "ಯಾವ ಕಡೆ ಮುಖ ಮಾಡಿ ಕೂರ್ತಿದ್ಲು?"

"ಕೆಳಗಡೆಗೆ ಭಾವ. ನಿಮ್ಮ ಕಡೆಗೇ."

ಹೇಳಿದ್ದು ಸುಳ್ಳಲ್ಲ. ನಡುವೆ ನಾನು ಕೂತಿರುತ್ತಿದ್ದೆ, ಅಷ್ಟೇ.