ಮೂರು ಬ್ಲೇಡಿನ ಸಂದು

ತಗಡಿನ ತೂತಿಂದ ಬಿಸಿಲು ಇಳಿದು ಇಂಜಿನ್ ಬೋರಿನ ಒಳಗೋಡೆ ಮೇಲೆ ಕೂತಿದೆ, ರೂಪಾಯಿ ಅಗಲ, ಅದರ ಕೆಳಗೇ ಪಿಸ್ಟನ್ ರಿಂಗು, ರಿಂಗಿನ ಎರಡು ತುದಿ, ಮಧ್ಯೆ ಸಂದು, ಮೂರು ಬ್ಲೇಡು ಜೋಡಿಸಿ ತೂರಿಸಿದರೆ ಸಲೀಸಾಗಿ ಹೋಗ್ತವೆ, ಹೋಗ್ತವೆ, ಮೇಲುಗಡೆ ಯಾವಾಗಲೂ ಹೋಗ್ತವೆ, ಮೇಲುಗಡೆ ಸವೆದಿರ್ತದಲ್ಲ — ಗಡ್ಡ ಕೆರೆಯೋ ಬ್ಲೇಡೇ ಅಳತೆ, ಕಂಪನಿಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟ ಗೇಜು ಹಿಡೀತೀನಿ, ಇಲ್ಲಿ ಆಲಸನತ್ತಂನ ನನ್ನ ಶೆಡ್ಡಿನಲ್ಲಿ ಬ್ಲೇಡು, ಕೆಲಮಂಗಲದ ಪಟ್ಟರೆಯಲ್ಲಿ, ರಿಪೇರಿ ಅಂಗಡಿಯಲ್ಲಿ, ದೊಡ್ಡವೆಂಕಟಪ್ಪ ಮೇಸ್ತ್ರಿ ಕಲಿಸಿದ್ದು, ಲೇ ಮುನಿರತ್ನ, ಮೇಲೆ ನೋಡಿ ಕೈ ತೊಳ್ಕೋಬೇಡ ಕಣ್ಲಾ, ಪಿಸ್ಟನ್ನಿನ ತಲೆಯಿಂದ ನೆಟ್ಟಗೆ ತಳ್ಳು ಕೆಳಕ್ಕೆ, ಸವೆಯದೆ ಇರೋ ಜಾಗಕ್ಕೆ, ಅಲ್ಲಿ ಮೂರು ಬ್ಲೇಡು ಹೋದ್ರೆ ಸರಿ, ಇಲ್ಲಾಂದ್ರೆ ಅರ ಹಾಕಿ ತುದಿ ಸವೆಸು, ಕಾದ್ರೆ ರಿಂಗು ಬೆಳೀತದೆ, ಬೆಳೆಯಕ್ಕೆ ಜಾಗ ಬಿಡದಿದ್ರೆ ತುದಿಗೆ ತುದಿ ಗುದ್ದಿ ಇಂಜಿನ್ನು ಹಿಡ್ಕೊಂಡು ನಿಂತ್ಬುಡ್ತದೆ — ನೂರು ಸಲ ಕೇಳಿದ ಮಾತು, ಒಂದು ಸಲ ಕೇಳಿಸ್ಕೊಳ್ಳಲಿಲ್ಲ, ಒಂದೇ ಸಲ, ಇದೇ ಬೋರು, ಇದೇ ಮೋಟ್ರು, ಮೂರು ವರ್ಷದ ಹಿಂದೆ, ಎರಡನೇ ಶಿಫ್ಟು, ಒಂದೂವರೆಗೆ ಕಂಪನಿ ಬಸ್ಸು, ಊಟದ ಡಬ್ಬಿ ಆಗಲೇ ಭುಜದಲ್ಲಿತ್ತು, ಮೇಲುಗಡೆ ಮೂರು ಬ್ಲೇಡು ಹೋದವು, ಸಾಕು ಅಂದ್ಕೊಂಡೆ, ತಳ್ಳಿ ನೋಡಲಿಲ್ಲ, ಬಸ್ಸು ಹತ್ತಿದೆ, ಕಿಟಕಿ ಪಕ್ಕ ಸೀಟು ಬೇರೆ ಸಿಕ್ಕಿತ್ತು, ನಿದ್ದೆ ಮಾಡಿದೆ.

ಹೊರಗೆ ಬೀರೇಶ ಪೆಟ್ರೋಲ್ ಟ್ಯಾಂಕು ಉಜ್ಜುತ್ತಾವ್ನೆ, ಬೀರೇಶ ಡ್ಯಾಮಲ್ಲಿ ಮೀನು ಹಿಡಿಯೋನು, ದೋಣಿಗೆ ಹಿಂದೆ ನೇತು ಹಾಕೋ ಐವತ್ತು ವರ್ಷದ ಹಳೇ ಮೋಟ್ರು ಇದು, ಯಾವುದೋ ಬೋಟ್ ಹೌಸಿನ ಹರಾಜಿಂದ ದೋಣಿ ಓನರು ತಂದಿದ್ದು, ಮೂರು ವರ್ಷ ಮೂಲೆಗೆ ಬಿದ್ದಿತ್ತು, ಈಗ ಗುಜರಿಗೆ ಹಾಕ್ತಿದ್ದರಂತೆ, ಬೀರೇಶ ಬೇಡಿ ಎತ್ಕೊಂಡು ಬಂದವ್ನೆ, ಅಣ್ಣ ನೀನು ಕೈ ಹಾಕಿದ್ರೆ ಓಡ್ತದೆ, ಓಡಿದ್ರೆ ದೋಣಿ ಮತ್ತೆ ನನಗೇ ಕೊಡ್ತೀನಿ ಅಂದವ್ರೆ — ಮತ್ತೆ ಅಂದ, ಮತ್ತೆ ಅಂತ ಯಾಕಂದ, ಓನರು ದೋಣಿ ಕಿತ್ಕೊಂಡಿದ್ದು ನೆನಪಿರೋದಕ್ಕೆ ಅಂದ, ಕಿತ್ಕೊಳ್ಳೋ ಹಂಗೆ ಮಾಡಿದ್ದು ನಾನು, ಅದು ಅವನಿಗೆ ಗೊತ್ತಿಲ್ಲ. ಹೊಸಿಲ ಹತ್ರ ಅವನ ಹೆಂಡತಿ ಮಾಲಾ ಚೆಂಡುಹೂವು ಕಟ್ತಾ ಕೂತವಳೆ, ದಾರದ ತುದಿ ಕಾಲ್ಬೆರಳಿಗೆ ಸುತ್ತಿ, ಎಡಗೈಯಲ್ಲಿ ಹೂವಿಟ್ಟು, ಹಲ್ಲಲ್ಲಿ ಕಚ್ಚಿ ಗಂಟೆಳೀತಾಳೆ, ಬಲಗೈ ಬರೀ ಒತ್ತಿ ಹಿಡಿಯಕ್ಕೆ, ಬಲಗೈಯಲ್ಲಿ ಎರಡು ಬೆರಳಿಲ್ಲ, ಮದುವೆಗೆ ಮುಂಚೆ ತವರೂರು ತಳಿಯಲ್ಲಿ ಇವಳಷ್ಟು ಬೇಗ ಹೂವು ಕಟ್ಟೋರಿರಲಿಲ್ಲ ಅಂತ ಬೀರೇಶ ಈಗಲೂ ಹೇಳ್ತಾನೆ, ಹೇಳಿ ತಲೆ ತಗ್ಗಿಸ್ತಾನೆ, ನಾನೂ ತಗ್ಗಿಸ್ತೀನಿ. ನಾನು ರಿಂಗು ಹಾಕಿ ಐದನೇ ದಿನ ಅಂತ ಕಾಣ್ತದೆ, ನಡು ಡ್ಯಾಮಲ್ಲಿ ಇಂಜಿನ್ನು ಹಿಡ್ಕೊಂತು, ಗಾಳಿ ಎತ್ತಿತ್ತು, ದೋಣಿ ತೇಲ್ಕೊಂಡು ತೂಬಿನ ಕಲ್ಲುಗೋಡೆಗೆ ಹೋಯ್ತು, ಗುದ್ದದೆ ಇರಲಿ ಅಂತ ದೋಣಿಯಲ್ಲಿದ್ದ ಇವಳು ಮಧ್ಯೆ ಕೈ ಚಾಚಿದ್ಲು.

ಮೋಟ್ರು ಬಿಚ್ಚಿದೆ ಆವತ್ತು, ರಿಂಗು ಹೊರಗೆ ತೆಗೆದೆ, ಪೂರ್ತಿ ಕಪ್ಪು, ತುದಿ ಎರಡು ಮಾತ್ರ ಪಳಪಳ, ಒಂದಕ್ಕೊಂದು ಗುದ್ದಿ ಗುದ್ದಿ ಕನ್ನಡಿ ಆಗಿದ್ದವು, ನೋಡಿದ ತಕ್ಷಣ ಗೊತ್ತಾಯ್ತು, ಬೀರೇಶ ಎದುರಿಗೆ ನಿಂತಿದ್ದ, ಅಂಗಿ ಮೇಲೆ ಅವಳ ರಕ್ತ, ಏನಾಗಿತ್ತಣ್ಣ ಅಂದ, ಬಾಯಿ ತೆರೆದೆ, ಬಂದ ಮಾತು ಬೇರೆ — ಪೆಟ್ರೋಲಿಗೆ ಎಣ್ಣೆ ಕಡ್ಮೆ ಹಾಕಿದೀಯ ಬೀರೇಶ, ಅದಕ್ಕೇ ಹಿಡ್ಕೊಂಡದೆ. ಇಷ್ಟೇ ಅಂದಿದ್ದು. ಅವನು ನಿಂತು ಯೋಚಿಸಿದ, ಇರಬೇಕಣ್ಣ, ಆವತ್ತು ಅರ್ಜೆಂಟಲ್ಲಿದ್ದೆ, ಅಳೆದಿದ್ದು ನೆನಪಿಲ್ಲ ಅಂದ, ನಂಬ್ಬುಟ್ಟ, ಜಗಳ ಆಡಿದ್ರೆ ನಾನು ಒಪ್ಕೊಂತಿದ್ದೆನೇನೋ, ಥೂ, ಅದೂ ಸುಳ್ಳು, ಒಪ್ಕೊಂತಿರಲಿಲ್ಲ. ರಿಂಗನ್ನ ಬಿಸಾಕಕ್ಕೆ ಕೈ ಬರಲಿಲ್ಲ, ಬಿಸ್ಕತ್ತು ಡಬ್ಬದಲ್ಲಿ, ವಾಷರುಗಳ ಅಡಿಯಲ್ಲಿ ಇಟ್ಟೆ, ಯಾಕಿಟ್ಟೆ ಅಂತ ನನಗೂ ತಿಳೀದು, ಶಿಫ್ಟಲ್ಲಿ ಗೇಜು ಹಿಡಿದಾಗೆಲ್ಲ ಆ ತುದಿಗಳು, ಪಳಪಳ.

ಮಾಲಾ ಟೀ ತಂದು ಕೊಟ್ಟಳು, ಎಡಗೈಯಲ್ಲಿ ಕೊಡ್ತಾ ಇದೀನಿ, ತಪ್ಪು ತಿಳ್ಕೋಬೇಡಣ್ಣ ಅಂತ, ಪ್ರತಿಸಲ ಅನ್ನೋದೇ ಅದು, ನನ್ನ ಹತ್ರ, ನನ್ನ ಹತ್ರ ಕ್ಷಮೆ ಕೇಳ್ತಾಳೆ, ಲೋಟ ಬಿಸಿ, ಇಳಿಸಿಟ್ಟೆ — ಈಗ ತಳ್ಳು, ಪಿಸ್ಟನ್ನಿನ ತಲೆಯಿಂದ, ನೆಟ್ಟಗೆ, ಕೆಳಕ್ಕೆ, ಮೂರು ಬ್ಲೇಡು ಹೋಗಲ್ಲ, ಎರಡೂ ಹೋಗಲ್ಲ, ಒಂದೂ ಇಲ್ಲ, ನೋಡಿದ್ಯಾ, ಅರ ಹಾಕು, ಒಂದೇ ತುದಿಗೆ, ಹೊರಗಿಂದ ಒಳಕ್ಕೆ, ನಾಲ್ಕು ಎಳೆತ, ಮತ್ತೆ ಇಳಿಸು, ಒಂದು ಬ್ಲೇಡು, ಮತ್ತೆ ಅರ, ಎಷ್ಟು ಹೊತ್ತಾಯ್ತು, ಅರ್ಧ ಗಂಟೆ ಇಲ್ಲ, ಅರ್ಧ ಗಂಟೆ ಉಳಿಸಕ್ಕೆ ಹೋಗಿ ಅವಳ ಕೈ ತೆಗೆದೆನಲ್ಲ, ಇವತ್ತು ಹೇಳ್ತೀನಿ, ಮೂರನೇ ಬ್ಲೇಡು ಹೋದ ಮೇಲೆ ಹೇಳ್ತೀನಿ, ಬೀರೇಶ ಆಚೆಯಿಂದ ಕೂಗ್ತಾವ್ನೆ, ಅಣ್ಣ ಈ ಸಲ ಎಣ್ಣೆ ಎರಡರಷ್ಟು ಹಾಕ್ತೀನಿ, ಹೊಗೆ ಬಂದ್ರೆ ಬರಲಿ, ಅದಕ್ಕೆ ಮಾಲಾ, ಅಣ್ಣ ಹೇಳಿದ್ದು ಕೇಳು, ಆವಾಗ ಕೇಳಲಿಲ್ಲ ನೀನು ಅಂತ, ಮೆಲ್ಲಗೆ, ಬೈಗುಳ ಅಲ್ಲ, ಮೂರು ವರ್ಷದಿಂದ ಆಡಿ ಆಡಿ ಸವೆದ ಮಾತು — ಮೂರನೇ ಬ್ಲೇಡು ಹೋಯ್ತು. ಹೇಳು. ಬೀರೇಶ ಒಂದು ನಿಮಿಷ ಬಾ ಇಲ್ಲಿ, ಅನ್ನು, ಅಷ್ಟೇ ಅನ್ನು, ಬ್ಲೇಡು ಹೊರಗೆಳೆದೆ, ಒರೆಸಿದೆ, ಮತ್ತೆ ತೂರಿಸಿದೆ.

ಅವನೇ ಬಂದ, ಟ್ಯಾಂಕಿಗೊಂದು ವಾಷರು ಬೇಕಣ್ಣ ಅಂತ, ಡಬ್ಬ ಬಗ್ಗಿಸಿದ ಬೆಂಚಿನ ಮೇಲೆ, ನಾನು ಬೇಡ ಅನ್ನೋದ್ರೊಳಗೆ, ವಾಷರುಗಳ ಜತೆ ಆ ಹಳೇ ರಿಂಗೂ ಬಿತ್ತು, ಎತ್ಕೊಂಡ, ಬಿಸಿಲಿಗೆ ಹಿಡಿದ, ಇದು ನಮ್ಮದೇ ಅಲ್ವಾ, ಆವತ್ತಿಂದು, ಎಲ್ಲಾ ಕಪ್ಪಗದೆ, ತುದಿ ಮಾತ್ರ ಯಾಕಣ್ಣ ಇಷ್ಟು ಹೊಳೀತದೆ — ಎರಡು ಬೆರಳಲ್ಲಿ ಒತ್ತಿದ, ತುದಿಗೆ ತುದಿ ತಾಗಿಸಿದ, ಬಿಟ್ಟ, ಮತ್ತೆ ತಾಗಿಸಿದ, ಹಿಂಗೆ ಗುದ್ದಿರಬೇಕು ಅಲ್ವಾ, ಅಂದ್ರೆ ಎಣ್ಣೆ — ನಿಲ್ಲಿಸಿದ, ಹೊಸಿಲಲ್ಲಿ ಹಲ್ಲಿಂದ ದಾರ ಜಾರಿದೆ, ಅವಳೂ ನೋಡ್ತಾವಳೆ, ನನ್ನ ಕಡೆ ಅಲ್ಲ, ಅವನ ಬೆರಳ ಕಡೆ, ಅವನು ಮತ್ತೆ ಒತ್ತಿ ಹಿಡಿದವ್ನೆ, ಬಿಡ್ತಿಲ್ಲ, ಎರಡು ತುದಿ, ಪಳಪಳ, ಸಂದಿಲ್ಲ, ಎರಡು ತುದಿ, ಸಂದಿಲ್ಲ