ಒಂಬತ್ತಕ್ಕೆ ಮೂವತ್ತೆಂಟು

ಏರು ಶುರುವಾಗುತ್ತಿದ್ದಂತೆ ಡಾಕ್ಟರು ಗೇರನ್ನು ಎರಡಕ್ಕೆ ಇಳಿಸಿದರು. ಮುಂದೆ ಶವದ ವ್ಯಾನು ಹೊಗೆ ಬಿಡುತ್ತ ನಡಿಗೆಯ ವೇಗದಲ್ಲಿ ಗುಡ್ಡ ಹತ್ತುತ್ತಿತ್ತು. ಅದರಲ್ಲಿ ಕಾರು ರಿಪೇರಿಯ ಮೇಸ್ತ್ರಿಯ ಪೆಟ್ಟಿಗೆ, ಪಕ್ಕದಲ್ಲಿ ಅವರ ಹೆಂಡತಿ, ಮಗಳು. ಹಿಂದೆ ಡಾಕ್ಟರ ಹಳೆಯ ಕಾರು. ಐದು ಜನ ಕೂತಿದ್ದರೂ ಏದುಸಿರು ಬಿಡದೆ ಹತ್ತುತ್ತಿತ್ತು.

ಮುಂದಿನ ಸೀಟಿನಲ್ಲಿದ್ದ ಲೇತಣ್ಣ ಕಿಟಕಿಯಾಚೆ ನೋಡುತ್ತ ಕೂತಿದ್ದ. ಮೇಸ್ತ್ರಿಯ ಶೆಡ್ಡಿನ ಪಕ್ಕದಲ್ಲೇ ಇಪ್ಪತ್ತೆಂಟು ವರ್ಷ ಲೇತ್ ಯಂತ್ರ ನಡೆಸಿದವನು. ನಿನ್ನೆ ಮಧ್ಯಾಹ್ನ ಸ್ಟೂಲಿನ ಮೇಲೆ ಕೂತಲ್ಲೇ ಗೋಡೆಗೊರಗಿದ್ದ ಮೇಸ್ತ್ರಿಯನ್ನು ಮೊದಲು ನೋಡಿದವನೂ ಅವನೇ. ನಿದ್ದೆ ಮಾಡ್ತಿದಾನೆ ಅಂದುಕೊಂಡು ಒಮ್ಮೆ ಬೈದು ಹೋಗಿದ್ದೆ ಅಂತ ಬೆಳಿಗ್ಗೆಯಿಂದ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ.

"ಇದೇ ತಿರುವಲ್ಲವಾ ಡಾಕ್ಟ್ರೇ, ಆವತ್ತು ಗಾಡಿ ನಿಂತದ್ದು?"

ಡಾಕ್ಟರು ಹೂಂಗುಟ್ಟಿದರು.

"ಈಗ ನೋಡಿ, ಬೆಣ್ಣೆಯಲ್ಲಿ ಕೂದಲು ತೆಗೆದಂಗೆ ಹತ್ತುತ್ತೆ. ಕೊನೇಗೆ ಸರಿಮಾಡಿ ಕೊಟ್ಟ, ಪುಣ್ಯಾತ್ಮ. ನಲವತ್ತು ವರ್ಷದಲ್ಲಿ ಅದೊಂದೇ ಕೈ ತಪ್ಪಿದ್ದು."

ಹಿಂದೆ ಕೂತಿದ್ದ ಮೂವರಲ್ಲಿ ಒಬ್ಬರು, ಬ್ಯಾಟರಿ ಅಂಗಡಿಯವರು, ಆನೆಯಂಥದ್ದೂ ಎಡವುತ್ತೆ ಎಂದರು. ಉಳಿದಿಬ್ಬರು ಹೌದು ಹೌದೆಂದರು. ಡಾಕ್ಟರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ತಿರುವು ದಾಟಿತು.

*

ಏಳು ವರ್ಷದ ಹಿಂದೆ ಕಾರಿನ ಹಿಂಭಾಗದಿಂದ ಗುಂಯ್‌ಗುಡುವ ಸದ್ದು ಬರತೊಡಗಿದಾಗ ಡಾಕ್ಟರು ಮೇಸ್ತ್ರಿಯ ಶೆಡ್ಡಿಗೆ ಹೋಗಿದ್ದರು. ತಂದೆಯ ಕಾಲದ ಗಾಡಿ. ಹಿಂದಿನ ಆಕ್ಸಲಿನಲ್ಲಿ ಹಲ್ಲು ಸವೆದಿತ್ತು. ಎಂಜಿನ್ನಿನ ಕಡೆಯಿಂದ ಬರುವ ದಂಡದ ತುದಿಗೊಂದು ಚಿಕ್ಕ ಚಕ್ರ, ಅದು ತಿರುಗಿಸುವ ದೊಡ್ಡ ಚಕ್ರವೊಂದು. ಚಿಕ್ಕದಕ್ಕೆ ಒಂಬತ್ತು ಹಲ್ಲು, ದೊಡ್ಡದಕ್ಕೆ ನಲವತ್ತೊಂದು. ಮೇಸ್ತ್ರಿ ಅದನ್ನು 'ಒಂಬತ್ತಕ್ಕೆ ನಲವತ್ತೊಂದು' ಎಂದು ಮಗ್ಗಿಯ ಹಾಗೆ ಹೇಳುತ್ತಿದ್ದರು. ಎರಡರ ಅಂತರ ಹೆಚ್ಚಿದಷ್ಟೂ ಏರು ಹತ್ತುವ ಬಲ ಹೆಚ್ಚು, ಕಮ್ಮಿಯಾದಷ್ಟೂ ಓಟ ಹೆಚ್ಚು. ಯಾವ ಗಾಡಿಗೆ ಯಾವ ಜೋಡಿ ಎಂದು ಹೇಳುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಹಳೇ ಕಾರಿನವರು ದೂರದೂರದಿಂದ ಹುಡುಕಿಕೊಂಡು ಬಂದು 'ಲೆಕ್ಕದ ಮೇಸ್ತ್ರಿ' ಎಲ್ಲಿ ಎಂದು ಕೇಳುತ್ತಿದ್ದರು.

ಹೇಗೂ ಹೊಸ ಜೋಡಿ ಹಾಕಬೇಕು, ಹಳೆಯ ಲೆಕ್ಕದ್ದೇ ಯಾಕೆ ಎಂದು ಡಾಕ್ಟರಿಗೆ ಅನ್ನಿಸಿತ್ತು. ಊರಾಚೆಯ ಅಗಲ ರಸ್ತೆಯಲ್ಲಿ ಅರವತ್ತು ದಾಟಿದರೆ ಸಾಕು, ಕಾರು ಹಲ್ಲುನೋವಿನವರ ಹಾಗೆ ಕಿರುಚುತ್ತಿತ್ತು. ಹಳೇ ಕಾರುಗಳ ಕ್ಲಬ್ಬಿನ ಗೆಳೆಯರು ಕೈಬೀಸುತ್ತ ಮುಂದೆ ಹೋಗುತ್ತಿದ್ದರು. ಹನ್ನೊಂದಕ್ಕೆ ಮೂವತ್ತೇಳು ಹಾಕಿಸು, ನೂರರಲ್ಲೂ ಸದ್ದೇ ಇರಲ್ಲ ಎಂದು ಅವರಲ್ಲೊಬ್ಬ ತಲೆಗೆ ತುಂಬಿದ್ದ.

ಮೇಸ್ತ್ರಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ನಾಳೆ ಬೆಳಿಗ್ಗೆ ಮನೆಯವರನ್ನೆಲ್ಲ ಕೂರಿಸಿಕೊಂಡು ಬನ್ನಿ ಎಂದರು. ಮರುದಿನ ಒಗೆದ ಅಂಗಿ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಡಾಕ್ಟರ ತಾಯಿಯ ಪಕ್ಕ ಮುದುಡಿ ಕೂತರು. ಮನೆಯಿಂದ ಕ್ಲಿನಿಕ್ಕಿಗೆ, ಕ್ಲಿನಿಕ್ಕಿನಿಂದ ಮಾರ್ಕೆಟ್ಟಿಗೆ, ಅಲ್ಲಿಂದ ವಾಪಸು. ಎಲ್ಲೆಲ್ಲಿ ಗೇರು ಇಳಿಯಿತೋ ಅಲ್ಲಲ್ಲಿ ಕ್ಯಾಲೆಂಡರಿನ ಹಾಳೆಯ ಹಿಂದೆ ಪೆನ್ಸಿಲಿನಿಂದ ಗೀಟು ಹಾಕಿಕೊಂಡರು. ತಾಯಿ ಏನಪ್ಪಾ ಬರೀತಿದೀಯ ಎಂದು ಕೇಳಿದಾಗ, "ನಿಮ್ಮ ಮಗ ಮೂವತ್ತೆರಡು ಹಲ್ಲಿನ ಡಾಕ್ಟ್ರು ಅಮ್ಮ, ನಾನು ನಲವತ್ತೊಂದು ಹಲ್ಲಿನ ಡಾಕ್ಟ್ರು. ನಾಡಿ ನೋಡ್ತಾ ಇದೀನಿ" ಎಂದರು. ಮುದುಕಿ ಮನೆ ಮುಟ್ಟುವವರೆಗೂ ನಕ್ಕಳು.

ಇಳಿದ ಮೇಲೆ ಮೇಸ್ತ್ರಿ ತಮ್ಮ ತೀರ್ಮಾನ ಹೇಳಿದರು.

"ದೊಡ್ಡ ರಸ್ತೆಗೆ ನೀವು ಹೋಗೋದು ತಿಂಗಳಿಗೊಂದು ಸಲ ಸಾರ್. ನಿಮ್ಮ ಮನೆಯ ಈ ಏರು ಹತ್ತೋದು ದಿನಕ್ಕೆರಡು ಸಲ. ಒಂಬತ್ತಕ್ಕೆ ಮೂವತ್ತೆಂಟು ಹಾಕೋಣ. ಸದ್ದೂ ಕಮ್ಮಿ ಆಗತ್ತೆ, ಉಸಿರೂ ಇರತ್ತೆ. ನೀವು ಹೇಳೋದು ದೊಡ್ಡ ಎಂಜಿನ್ನಿಗೆ. ಇದು ಹೊರಡೋಕೇ ಒದ್ದಾಡತ್ತೆ, ಬೇಡ."

ಡಾಕ್ಟರು ವಾದಿಸಿದರು. ಮೇಸ್ತ್ರಿ ಇನ್ನೊಮ್ಮೆ ಬೇಡವೆಂದರು, ಮತ್ತೂ ಒಮ್ಮೆ ಬೇಡವೆಂದರು. ಆಗ ಡಾಕ್ಟರ ಬಾಯಿಂದ ಆ ಮಾತು ಬಂತು.

"ನೀವು ಯಾವತ್ತಾದ್ರೂ ಸ್ವಂತ ಕಾರು ಇಟ್ಟಿದೀರಾ ಮೇಸ್ತ್ರೀ?"

ಮೇಸ್ತ್ರಿ ಕ್ಯಾಲೆಂಡರಿನ ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡರು. ಇಲ್ಲ ಸಾರ್ ಎಂದರು. ಹತ್ತು ದಿನದಲ್ಲಿ ಹನ್ನೊಂದಕ್ಕೆ ಮೂವತ್ತೇಳನ್ನು ಹುಡುಕಿ ತಂದು, ತಮ್ಮದೇ ಆಸೆಯೋ ಎಂಬಷ್ಟು ಅಚ್ಚುಕಟ್ಟಾಗಿ ಕೂರಿಸಿಕೊಟ್ಟರು.

*

ಗುಡ್ಡದ ಮೇಲಿನ ಸ್ಮಶಾನದಲ್ಲಿ ಗಾಳಿ ಜೋರಾಗಿತ್ತು. ಪೆಟ್ಟಿಗೆಯನ್ನು ಇಳಿಸಿ ವ್ಯಾನು ಹೊರಟುಹೋಯಿತು. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿದರು. ಡಾಕ್ಟರ ಹಿಡಿಯಲ್ಲಿ ಮಣ್ಣಿಗಿಂತ ಕಲ್ಲೇ ಹೆಚ್ಚಿತ್ತೇನೋ, ಹಲಗೆಯ ಮೇಲೆ ಬಿದ್ದಾಗ ಟಕಟಕ ಸದ್ದಾಯಿತು. ಅವರು ಬೇಗ ಹಿಂದೆ ಸರಿದು ಗೋಡೆಯ ಬಳಿ ನಿಂತರು.

ಎಲ್ಲ ಮುಗಿದ ಮೇಲೆ ಮೇಸ್ತ್ರಿಯ ಹೆಂಡತಿ ಮಗಳ ಭುಜ ಹಿಡಿದುಕೊಂಡು, ಮಂಡಿ ನೋವಿಗೆ ಒಂದೊಂದೇ ಹೆಜ್ಜೆ ಇಡುತ್ತ ಅವರ ಹತ್ತಿರವೇ ಬಂದರು.

"ನೀವು ಬರ್ತೀರ ಅಂತ ಅಂದ್ಕೊಂಡಿರಲಿಲ್ಲ ಡಾಕ್ಟ್ರೇ," ಎಂದರು. "ಇವರಿಂದ ಆವತ್ತು ಅಷ್ಟು ಜನರ ಮುಂದೆ ನೀವು ತಲೆ ತಗ್ಗಿಸೋ ಹಾಗಾಯ್ತು. ವಯಸ್ಸಾದ ನಿಮ್ಮ ತಾಯಿ ಬಿಸಿಲಲ್ಲಿ ನಡೆದ್ರಂತೆ. ಇವರಿಗೆ ಬಾಯಿಬಿಟ್ಟು ಕ್ಷಮೆ ಕೇಳೋದು ಬರ್ತಿರಲಿಲ್ಲ. ಅವರ ಪರವಾಗಿ ನಾನು ಕೇಳ್ತೀನಿ. ಮನಸ್ಸಲ್ಲಿ ಇಟ್ಕೋಬೇಡಿ."

ಅವರು ಕೈಮುಗಿದರು.

ಡಾಕ್ಟರೂ ಕೈಮುಗಿದರು. ಏನಾದರೂ ಹೇಳಲೇಬೇಕಿತ್ತು. "ಅದೆಲ್ಲ ಹಳೇ ಮಾತು ಬಿಡಿ ಅಕ್ಕಾ," ಎಂದುಬಿಟ್ಟರು.

ಪಕ್ಕದಲ್ಲಿದ್ದ ಲೇತಣ್ಣ ತಲೆದೂಗಿದ. "ದೊಡ್ಡ ಮನಸ್ಸು ನಿಮ್ಮದು," ಎಂದ.

*

ಹಳೇ ಕಾರುಗಳ ಮೆರವಣಿಗೆಯ ದಿನ ರಸ್ತೆಯ ಎರಡೂ ಬದಿ ಜನ ನಿಂತಿದ್ದರು. ಇಪ್ಪತ್ತಮೂರು ಕಾರು, ಡಾಕ್ಟರದ್ದು ಒಂಬತ್ತನೆಯದು. ಆ ಹೊತ್ತಿಗೆ ಹೊಸ ಹಲ್ಲು ಹಾಕಿಸಿ ಒಂದು ತಿಂಗಳಾಗಿತ್ತು. ಅಗಲ ರಸ್ತೆಯಲ್ಲಿ ಕಾರು ನಿಜಕ್ಕೂ ತೇಲಿಕೊಂಡು ಹೋಗುತ್ತಿತ್ತು. ಮನೆಯ ಏರಿನಲ್ಲಿ ಮಾತ್ರ ಒದ್ದಾಡುತ್ತಿತ್ತು, ಅದನ್ನು ಡಾಕ್ಟರು ಯಾರಿಗೂ ಹೇಳಿರಲಿಲ್ಲ. ತಾಯಿ, ಹೆಂಡತಿ, ಹೆಂಡತಿಯ ಅಕ್ಕ ಮೂವರೂ ಹೊಸ ಬಟ್ಟೆ ಉಟ್ಟು ಕೂತಿದ್ದರು.

ಗುಡ್ಡದ ತಿರುವಿನಲ್ಲಿ ಮುಂದಿನ ಕಾರು ನಿಂತಿತು, ಡಾಕ್ಟರೂ ನಿಲ್ಲಿಸಬೇಕಾಯಿತು. ಮತ್ತೆ ಹೊರಡುವಾಗ ಕಾರು ನಡುಗಿ ಆರಿಹೋಯಿತು. ಎರಡನೆಯ ಸಲ ಸುಟ್ಟ ವಾಸನೆ ಬಂತು. ಮೂರನೆಯ ಸಲ ಕ್ಲಚ್ಚು ಕೈಕೊಟ್ಟು ಕಾರು ಹಿಂದಕ್ಕೆ ಜಾರಿ, ಹಿಂದಿನ ಕಾರಿನ ಹೊಳೆಯುವ ಬಂಪರಿಗೆ ಗುದ್ದಿತು. ಜನ ನಕ್ಕರು. ತಾಯಿಯನ್ನು ಇಳಿಸಿದರು. ಎಂಬತ್ತರ ಮುದುಕಿ ಸೆರಗನ್ನು ತಲೆಗೆ ಹಾಕಿಕೊಂಡು ಬಿಸಿಲಲ್ಲಿ ಗುಡ್ಡ ಇಳಿದು ಹೋದಳು.

ಕ್ಲಬ್ಬಿನ ಅಧ್ಯಕ್ಷರು ಬಂದು, ಇದೇನ್ರೀ, ಹಿಂದೆ ಏನು ಹಾಕಿಸಿದೀರಿ ಎಂದು ಎಲ್ಲರೆದುರು ಕೇಳಿದರು.

"ನಾನೇನು ಹಾಕಿಸಿದ್ದು? ಮೇಸ್ತ್ರಿ ಹಾಕಿದ್ದು. ಅವನನ್ನೇ ಕೇಳಿ. ಹಲ್ಲಿನ ಲೆಕ್ಕ ತಪ್ಪಿದಾನೆ."

ಅಂದ ಮೇಲೆ ತಲೆಯೆತ್ತಿದರೆ ಎದುರಿಗೆ, ಗುಂಪಿನ ಮೊದಲ ಸಾಲಿನಲ್ಲಿ, ಮೇಸ್ತ್ರಿ ನಿಂತಿದ್ದರು. ತಾವು ಕೆಲಸ ಮಾಡಿದ ಕಾರುಗಳನ್ನು ನೋಡಲು ಬಂದಿದ್ದರು. ಎಲ್ಲರೂ ಅವರ ಕಡೆ ತಿರುಗಿದರು. ಮೇಸ್ತ್ರಿ ಡಾಕ್ಟರ ಮುಖವನ್ನೊಮ್ಮೆ ನೋಡಿದರು, ಬಿಸಿಲಲ್ಲಿ ಇಳಿದುಹೋಗುತ್ತಿದ್ದ ಮುದುಕಿಯನ್ನೊಮ್ಮೆ ನೋಡಿದರು. "ಹೌದು, ತಪ್ಪಾಗಿದೆ. ಸರಿಮಾಡಿ ಕೊಡ್ತೀನಿ," ಎಂದರು.

ವಾರದೊಳಗೆ ಒಂಬತ್ತಕ್ಕೆ ಮೂವತ್ತೆಂಟು ಹಾಕಿಕೊಟ್ಟರು. ಆದರೆ ಕ್ಲಬ್ಬಿನ ಕಾರುಗಳು ಆ ಶೆಡ್ಡಿನ ಕಡೆ ಮತ್ತೆ ಬರಲಿಲ್ಲ. ಮೇಸ್ತ್ರಿ ಟೆಂಪೋಗಳ ಬ್ರೇಕು, ಟ್ರಾಲಿಗಳ ಬೇರಿಂಗು ಮಾಡಿಕೊಂಡು ದಿನ ದೂಡಿದರು. ಡಾಕ್ಟರು ಒಮ್ಮೆ ಎಲ್ಲ ಹೇಳಿಬಿಡಬೇಕೆಂದೇ ಶೆಡ್ಡಿಗೆ ಹೋಗಿದ್ದರು. ಆಯಿಲ್ ಬದಲಾಯಿಸಬೇಕಾ ಎಂದು ಕೇಳಿ, ಇನ್ನೂ ಎರಡು ತಿಂಗಳು ಬೇಡ ಸಾರ್ ಎಂದು ಮೇಸ್ತ್ರಿ ಹೇಳಿದಾಗ, ಸರಿ ಎಂದು ಹಿಂದಿರುಗಿದ್ದರು.

*

'ದೊಡ್ಡ ಮನಸ್ಸು' ಎಂಬ ಲೇತಣ್ಣನ ಮೆಚ್ಚುಗೆಯನ್ನು ಡಾಕ್ಟರಿಗೆ ತಡೆದುಕೊಳ್ಳಲಾಗಲಿಲ್ಲ. ಹತ್ತು ಹೆಜ್ಜೆ ಮುಂದೆ ಹೋಗಿದ್ದ ಮೇಸ್ತ್ರಿಯ ಹೆಂಡತಿಯನ್ನು ಅವರು ಕರೆದು ನಿಲ್ಲಿಸಿದರು.

"ಅಕ್ಕಾ, ಮೇಸ್ತ್ರಿ ಲೆಕ್ಕ ತಪ್ಪಿರಲಿಲ್ಲ. ಆ ಹಲ್ಲು ಬೇಡ ಅಂದಿದ್ರು. ನಾನೇ ಹಟ ಮಾಡಿ ಹಾಕಿಸಿದ್ದು. ಆವತ್ತು ಜನರ ಮುಂದೆ ಹೇಳಿದ್ದು ಸುಳ್ಳು."

ಲೇತಣ್ಣ, ಬ್ಯಾಟರಿ ಅಂಗಡಿಯವರು, ಇನ್ನೂ ಏಳೆಂಟು ಜನ ಇದ್ದಲ್ಲೇ ನಿಂತರು. ಮಗಳು ಡಾಕ್ಟರನ್ನು ದಿಟ್ಟಿಸಿ ನೋಡಿದಳು. ಅವಳ ತಾಯಿ ನೆಲ ನೋಡುತ್ತಿದ್ದರು.

"ಬೇಡ ಅಂದಿದ್ರಾ?"

"ಅಂದಿದ್ರು."

"ಎಷ್ಟು ಸಲ?"

"ಮೂರು ಸಲ."

ಅವರು ಲೆಕ್ಕ ಹಾಕುವವರಂತೆ ಬೆರಳು ಮಡಿಸಿದರು.

"ನನಗೂ ಹೇಳಲಿಲ್ಲ," ಎಂದರು. "ಕಾರಿನವರು ಬರೋದು ನಿಂತಾಗ ಕೇಳಿದೆ. ಹೌದು, ತಪ್ಪಿತು ಅಂದ್ರು. ಆಮೇಲೆ ಏಳು ವರ್ಷ... ಉಣ್ಣೋಕೆ ಕೂತಾಗಲೆಲ್ಲ ಚುಚ್ಚಿದೀನಿ ಡಾಕ್ಟ್ರೇ. ಲೆಕ್ಕ ಬರದವರಿಗೆ ಆ ಕೆಲಸ ಯಾಕೆ ಬೇಕಿತ್ತು ಅಂತ. ಮೊನ್ನೆ ರಾತ್ರೀನೂ ಅಂದೆ. ತಟ್ಟೆ ನೋಡ್ತಾ ಕೂತಿದ್ರು."

"ಅಮ್ಮಾ," ಎಂದಳು ಮಗಳು.

ಡಾಕ್ಟರು ತಪ್ಪಾಯಿತು, ಕ್ಷಮಿಸಿ ಎಂದರು. ಅಳು ಬರುತ್ತದೆಂದುಕೊಂಡಿದ್ದರು, ಬರಲಿಲ್ಲ.

"ನೀವು ನನ್ನ ಕೇಳ್ತಿದೀರಿ," ಎಂದರು ಮೇಸ್ತ್ರಿಯ ಹೆಂಡತಿ. "ನಾನು ಯಾರನ್ನ ಕೇಳಲಿ?"

ಬ್ಯಾಟರಿ ಅಂಗಡಿಯವರು ಚಪ್ಪಲಿಯಿಂದ ಮಣ್ಣು ಕೆದಕುತ್ತ ನಿಂತರು. ಲೇತಣ್ಣನ ಮುಖ ಕಪ್ಪಿಟ್ಟಿತ್ತು. ಶೆಡ್ಡಿನ ಸಾಲಿನಲ್ಲಿ 'ಲೆಕ್ಕ ತಪ್ಪಿದ ಮೇಸ್ತ್ರಿ' ಎಂಬ ಹೆಸರು ಕಟ್ಟಿ ಏಳು ವರ್ಷ ನಗಿಸಿದವನು ಅವನೇ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವನು ನಲ್ಲಿಯ ಹತ್ತಿರ ಹೋಗಿ ಕೈ ತೊಳೆದುಕೊಂಡ. ಆಮೇಲೆ ಕಾರಿನ ಕಡೆಗೆ ಬರದೆ, ಇಳಿಜಾರಿನಲ್ಲಿ ಒಬ್ಬನೇ ನಡೆದುಕೊಂಡು ಹೊರಟ. ಅವನ ಹಿಂದೆ ಉಳಿದವರೂ ಹೊರಟರು.

ಮೇಸ್ತ್ರಿಯ ಹೆಂಡತಿಯೂ ನಡೆದೇ ಹೋಗುತ್ತೇನೆಂದರು. ಮಗಳು, ಈ ಮಂಡಿ ಇಟ್ಟುಕೊಂಡು ಅರ್ಧ ದಾರಿಗೂ ಹೋಗಲಾರೆ, ಬೇರೆ ಗಾಡಿ ಇಲ್ಲ, ಹತ್ತಮ್ಮ ಎಂದು ಕೈಹಿಡಿದು ಕರೆತಂದಳು. ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತರು. ಇಳಿಯುವಾಗ ರಸ್ತೆಯಂಚಿನಲ್ಲಿ ಸಾಲಾಗಿ ನಡೆಯುತ್ತಿದ್ದವರನ್ನು ಕಾರು ಒಬ್ಬೊಬ್ಬರಾಗಿ ದಾಟಿತು. ಅವರಲ್ಲಿ ಯಾರೂ ತಲೆಯೆತ್ತಲಿಲ್ಲ. ಹಿಂದೆ ಕೂತವರ ಮುಖ ಕಂಡೀತೆಂದು ಡಾಕ್ಟರು ಮನೆ ಮುಟ್ಟುವವರೆಗೂ ಕನ್ನಡಿಯ ಕಡೆಗೆ ಕಣ್ಣು ಹಾಯಿಸಲಿಲ್ಲ.

ಮೇಸ್ತ್ರಿಯ ಮನೆ ಓಣಿಯ ಕೊನೆಯಲ್ಲಿತ್ತು. ಬಾಗಿಲಿನೆದುರು ಎರಡು ಪ್ಲಾಸ್ಟಿಕ್ ಕುರ್ಚಿ, ತಂತಿಯ ಮೇಲೆ ಒಣಗಲು ಹಾಕಿದ್ದ ಗ್ರೀಸು ಕಲೆಯ ಅಂಗಿ. ಡಾಕ್ಟರು ಎಂಜಿನ್ ಆರಿಸಿ, ಬೇಗ ಇಳಿದು, ಸುತ್ತಿ ಬಂದು ಮೇಸ್ತ್ರಿಯ ಹೆಂಡತಿ ಕೂತಿದ್ದ ಕಡೆಯ ಬಾಗಿಲನ್ನು ತೆರೆದು ಹಿಡಿದರು.

ಅವರು ಅಲುಗಾಡಲಿಲ್ಲ. ಆ ಕಡೆಯಿಂದ ಮಗಳು ಇಳಿದಳು. ಮಗಳು ಇಳಿದ ಮೇಲೆ ಅವರು ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬಗ್ಗದ ಮಂಡಿಗಳನ್ನು ಎಳೆದುಕೊಂಡು, ಸೀಟಿನುದ್ದಕ್ಕೂ ಅಂಗುಲ ಅಂಗುಲವಾಗಿ ಸರಿಯತೊಡಗಿದರು. ನಡುವೆ ಒಮ್ಮೆ ಉಸಿರು ತೆಗೆದುಕೊಳ್ಳಲು ನಿಂತರು, ಮತ್ತೆ ಸರಿದರು. ಮಗಳು ಕೈ ಕೊಟ್ಟು ಆಚೆ ಬಾಗಿಲಿನಿಂದ ಅವರನ್ನು ಇಳಿಸಿಕೊಂಡಳು. ಇಬ್ಬರೂ ಒಳಗೆ ಹೋದರು.

ಈ ಕಡೆ ಡಾಕ್ಟರು ಖಾಲಿ ಸೀಟಿನ ಬಾಗಿಲನ್ನು ಹಿಡಿದುಕೊಂಡೇ ನಿಂತಿದ್ದರು.